ವೇಷ, ವ್ಯಕ್ತಿ ಮತ್ತು ಕಡತ: ಗಾಯಕಿ ಅರ್ಥಾ ಕಿಟ್



‘ಕ್ಯಾಬರೆ’ ಎಂದೊಡನೆ ನಿಮಗೆ ಹಳೆಯ ಹಿಂದಿ ಚಿತ್ರಗಳ ನೃತ್ಯದ ದೃಶ್ಯ ನೆನಪಾಗಬಹುದು. ಆದರೆ ಈ ಫ್ರೆಂಚ್ ಪದದ ಹಿಂದೆ ಒಂದು ರಂಗಪರಂಪರೆಯೇ ಇದೆ. 1881ರಲ್ಲಿ ಪ್ಯಾರಿಸ್ ನಗರದ ಮೋಮಾರ್ತ್ರ್ ಬಡಾವಣೆಯಲ್ಲಿ ‘ಕರಿ ಬೆಕ್ಕು’ ಎಂಬ ಅರ್ಥದ ಹೆಸರಿನ ಪಾನಗೃಹವೊಂದು ಆರಂಭವಾಯಿತು. ಅಲ್ಲಿ ಕವಿಗಳೂ ಗಾಯಕರೂ ಗಿರಾಕಿಗಳ ಮುಂದೆಯೇ ನಿಂತು ಹಾಡುತ್ತಿದ್ದರು, ದೊಡ್ಡವರನ್ನು ಲೇವಡಿ ಮಾಡುತ್ತಿದ್ದರು. ಪ್ರೇಕ್ಷಕನಿಗೂ ಕಲಾವಿದನಿಗೂ ನಡುವೆ ದೂರವಿಲ್ಲದ ಇಂಥ ರಂಗವೇ ಕ್ಯಾಬರೆ. ಮೊದಲ ಮಹಾಯುದ್ಧದ ನಂತರ ಅಮೆರಿಕದ ಕರಿಯ ಜನರ ಜಾಜ್ ಸಂಗೀತವೂ ಯೂರೋಪಿನ ಈ ರಂಗವನ್ನು ಪ್ರವೇಶಿಸಿತು. ಈ ಎರಡೂ ಪರಂಪರೆಗಳನ್ನು ಮೈಗೂಡಿಸಿಕೊಂಡು ಬೆಳೆದವರು ಅರ್ಥಾ ಕಿಟ್.

ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದ ಹತ್ತಿಯ ಹೊಲಗಳ ಸೀಮೆಯಲ್ಲಿ ಆಕೆಯ ಜನನ. ವರ್ಣಭೇದ ಅಲ್ಲಿ ಕಾನೂನೇ ಆಗಿದ್ದ ಕಾಲವದು. ತಾಯಿ ಕರಿಯ ಕೂಲಿ ಹೆಂಗಸು. ತಂದೆ ಯಾರೆಂಬುದು ಮಗುವಿಗೆ ತಿಳಿಯಲಿಲ್ಲ. ಮೈಬಣ್ಣ ತುಸು ತಿಳಿಯಾಗಿದ್ದುದರಿಂದ ಬಿಳಿಯರಿಗೂ ಬೇಡ, ಕರಿಯರಿಗೂ ಬೇಡ ಎಂಬ ಸ್ಥಿತಿ. ತಾಯಿಯೂ ಮಗುವನ್ನು ಬೇರೆಯವರ ಮನೆಯಲ್ಲಿ ಬಿಟ್ಟುಹೋದಳು. ಸುಮಾರು ಎಂಟನೆಯ ವಯಸ್ಸಿಗೆ ನ್ಯೂಯಾರ್ಕಿನಲ್ಲಿದ್ದ ಬಂಧುವೊಬ್ಬರ ಮನೆ ಸೇರಿದ ಈ ಹುಡುಗಿ, ಹದಿಹರೆಯದಲ್ಲಿಯೇ ಕ್ಯಾಥರಿನ್ ಡನ್‌ಹ್ಯಾಮ್ ಅವರ ಪ್ರಸಿದ್ಧ ನೃತ್ಯತಂಡದಲ್ಲಿ ಸ್ಥಾನ ಪಡೆದಳು. ತಂಡದೊಡನೆ ಯೂರೋಪಿಗೆ ಹೋದವಳು ಪ್ಯಾರಿಸ್ಸಿನಲ್ಲಿ ಉಳಿದು ಕ್ಯಾಬರೆ ಗಾಯಕಿಯಾದಳು. 1950ರಲ್ಲಿ ಆರ್ಸನ್ ವೆಲ್ಸ್ ತಮ್ಮ ನಾಟಕದಲ್ಲಿ ಆಕೆಗೆ ಟ್ರಾಯ್ ನಗರದ ಸುಂದರಿ ಹೆಲೆನ್‌ಳ ಪಾತ್ರ ಕೊಟ್ಟರು.

ಆಕೆಯ ಪ್ರದರ್ಶನ ಹೇಗಿರುತ್ತಿತ್ತು? ಮೈಗಂಟಿದ ನೀಳ ಉಡುಪು, ಅವಸರವಿಲ್ಲದ ನಡೆ, ಬೆಕ್ಕು ಗುರುಗುಟ್ಟಿದಂಥ ದನಿ. ಹಾಡಿನ ನಡುವೆ ಮುಂದಿನ ಮೇಜಿನ ಗಂಡಸೊಬ್ಬನನ್ನು ದಿಟ್ಟಿಸಿ ನೋಡಿ, ಮಾತಿಗೆಳೆದು, ಅವನು ನಾಚಿ ತಲೆತಗ್ಗಿಸಿದೊಡನೆ ತಿರುಗಿ ನಡೆದುಬಿಡುತ್ತಿದ್ದರು. ಬ್ರಾಡ್‌ವೇ ರಂಗಮಂದಿರದಲ್ಲಿ ನಡೆದ ‘ನ್ಯೂ ಫೇಸಸ್ ಆಫ್ 1952’ ಎಂಬ ಪ್ರದರ್ಶನದಲ್ಲಿ, ಐಶ್ವರ್ಯವೇ ಬೇಸರ ತಂದಿದೆ ಎನ್ನುವ ಹೆಣ್ಣಾಗಿ ಒಂದು ಒರಗುಪೀಠದಿಂದ ಇನ್ನೊಂದಕ್ಕೆ ಜಾರುತ್ತಾ ಹಾಡಿದರು. 1953ರಲ್ಲಿ ಫ್ರೆಂಚ್ ಮತ್ತು ತುರ್ಕಿ ಭಾಷೆಯ ಹಾಡುಗಳ ಜೊತೆಗೆ, ‘ಸಾಂಟಾ ಬೇಬಿ’ ಎಂಬ ಕ್ರಿಸ್‌ಮಸ್ ಹಾಡೂ ಜನಪ್ರಿಯವಾಯಿತು. ತುಪ್ಪಳದ ಮೇಲಂಗಿ, ಕಾರು, ಉಂಗುರಗಳನ್ನು ಬಯ್ಯದೆ ಬೇಡದೆ, ಲಲ್ಲೆಗರೆದು ಕೇಳುವ ಹೆಣ್ಣಿನ ಹಾಡದು. ಹತ್ತಿ ಹೊಲದಲ್ಲಿ ಹಸಿದು ಬೆಳೆದವರು ಈ ಸಿರಿವಂತಿಕೆಯ ಸೋಗನ್ನು ಹಾಕಿ, ಸಿರಿವಂತರ ಮುಂದೆಯೇ ಹಾಡುತ್ತಿದ್ದರು ಎಂಬುದನ್ನು ನೀವು ಗಮನಿಸಬೇಕು. ಬಿನ್ನಾಣ ಅಲ್ಲಿ ವೇಷ. ಆ ವೇಷದೊಳಗೆ ವ್ಯಂಗ್ಯವೂ ಇತ್ತು.

ವೇಷವಿಲ್ಲದೆ ಆಕೆ ಮಾತನಾಡಿದ ಒಂದು ದಿನ ಚರಿತ್ರೆಯಲ್ಲಿ ಉಳಿದಿದೆ. 1968ರ ಜನವರಿ 18ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಅವರ ಪತ್ನಿ ಲೇಡಿ ಬರ್ಡ್ ಜಾನ್ಸನ್ ಶ್ವೇತಭವನದಲ್ಲಿ ಸುಮಾರು 50 ಮಹಿಳೆಯರಿಗೆ ಔತಣ ಏರ್ಪಡಿಸಿದ್ದರು. ಬೀದಿಗಳಲ್ಲಿ ಹೆಚ್ಚುತ್ತಿದ್ದ ಅಪರಾಧ ಅಂದಿನ ಚರ್ಚೆಯ ವಿಷಯ. ಕಿಟ್ ಬಡ ಯುವಜನರ ನಡುವೆ ಕೆಲಸ ಮಾಡಿದ್ದರು. 1967ರಲ್ಲಿ ಅಂಥ ಯುವಕರ ಸಂಘಟನೆಯೊಂದರ ಪರವಾಗಿ ಸಂಸತ್ತಿನ ಉಪಸಮಿತಿಯ ಮುಂದೆ ಮಾತನಾಡಿಯೂ ಇದ್ದರು. ಔತಣದಲ್ಲಿ ಎದ್ದು ನಿಂತ ಆಕೆ, ದೇಶದ ಉತ್ತಮ ತರುಣರನ್ನು ವಿಯೆಟ್ನಾಂ ಯುದ್ಧಕ್ಕೆ ಕಳುಹಿಸಲಾಗುತ್ತಿದೆ, ಯುವಜನರು ದಂಗೆಯೇಳಲು ಅದೇ ಕಾರಣ ಎಂದು ನೇರವಾಗಿ ಹೇಳಿದರು. ಮರುದಿನ ಪತ್ರಿಕೆಗಳ ತುಂಬ ಅದೇ ಸುದ್ದಿ.

ಪರಿಣಾಮವೇನಾಯಿತು? ಅಮೆರಿಕದಲ್ಲಿ ಆಕೆಗೆ ಅವಕಾಶಗಳು ಬತ್ತಿಹೋದವು. ಹಲವು ವರ್ಷ ಯೂರೋಪಿನಲ್ಲಿಯೇ ಹಾಡಿ ಬದುಕಬೇಕಾಯಿತು. 1975ರ ಜನವರಿಯಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ಇನ್ನೊಂದು ಸಂಗತಿಯನ್ನು ಬಯಲಿಗೆಳೆಯಿತು. ಔತಣದ ನಂತರ ಗೂಢಚರ್ಯೆ ಸಂಸ್ಥೆಯಾದ ಸಿ.ಐ.ಎ. ಆಕೆಯ ಬಗ್ಗೆ ಒಂದು ಕಡತವನ್ನೇ ಸಿದ್ಧಪಡಿಸಿತ್ತು. ಅದರಲ್ಲಿ ದೇಶದ್ರೋಹಕ್ಕೆ ಪುರಾವೆ ಇರಲಿಲ್ಲ. ಇದ್ದುದು ಆಕೆಯ ಶೀಲ, ಸ್ವಭಾವಗಳ ಬಗೆಗಿನ ಗಾಳಿಮಾತು. ಯುದ್ಧದ ಬಗ್ಗೆ ಆಕೆ ಎತ್ತಿದ ಪ್ರಶ್ನೆಗೆ ಉತ್ತರ ಕೊಡುವುದಕ್ಕಿಂತ ಆಕೆಯ ಚಾರಿತ್ರ್ಯವನ್ನು ಕೆದಕುವುದು ಸುಲಭವಾಗಿತ್ತು. ರಂಗದ ಮೇಲೆ ಬಿನ್ನಾಣವಾಡುವ ಹೆಣ್ಣಿನ ಬಗ್ಗೆ ಅಂಥ ಮಾತನ್ನು ನಂಬುವವರಿಗೂ ಕೊರತೆಯಿರುವುದಿಲ್ಲ.

1978ರಲ್ಲಿ ‘ಟಿಂಬಕ್ಟು!’ ಎಂಬ ಸಂಗೀತ ನಾಟಕದ ಮೂಲಕ ಕಿಟ್ ಬ್ರಾಡ್‌ವೇಗೆ ಮರಳಿದರು. ಅದೇ ವರ್ಷ ಅಧ್ಯಕ್ಷ ಜಿಮ್ಮಿ ಕಾರ್ಟರ್ ಆಕೆಯನ್ನು ಶ್ವೇತಭವನಕ್ಕೆ ಆಹ್ವಾನಿಸಿದರು. ಇಳಿವಯಸ್ಸಿನಲ್ಲಿಯೂ ನ್ಯೂಯಾರ್ಕಿನ ಕೆಫೆ ಕಾರ್ಲೈಲ್‌ನಲ್ಲಿ ಅದೇ ತುಂಟ ನೋಟದಿಂದ ಹಾಡುತ್ತಿದ್ದ ಆಕೆ, 2008ರ ಡಿಸೆಂಬರ್ 25ರಂದು, ಕ್ರಿಸ್‌ಮಸ್ ದಿನವೇ, ನಿಧನರಾದರು.

ವಿದ್ಯಾರ್ಥಿಗಳಾದ ನಿಮಗೆ ಇನ್ನೊಂದು ದಾಖಲೆಯ ವಿಷಯವನ್ನೂ ಹೇಳಬೇಕು. ಕಿಟ್ ಅವರಿಗೆ ತಮ್ಮ ಜನ್ಮದಿನವೇ ಖಚಿತವಾಗಿ ಗೊತ್ತಿರಲಿಲ್ಲ. 1990ರ ದಶಕದ ಕೊನೆಯಲ್ಲಿ ದಕ್ಷಿಣ ಕೆರೊಲಿನಾದ ಬೆನೆಡಿಕ್ಟ್ ಕಾಲೇಜಿನ ವಿದ್ಯಾರ್ಥಿಗಳು, ಆಕೆಯ ಸವಾಲನ್ನು ಒಪ್ಪಿ, ಜನನ ಪತ್ರವನ್ನು ಹುಡುಕಿ ತೆಗೆದರು. ಹುಟ್ಟಿದ್ದು 1927ರ ಜನವರಿ 17 ಎಂದು ತಿಳಿದಾಗ ಆಕೆಗೆ 70 ದಾಟಿತ್ತು. ಅಂದರೆ ಶ್ವೇತಭವನದಲ್ಲಿ ಮಾತನಾಡಿದ್ದು 41 ತುಂಬಿದ ಮರುದಿನ. ಅದು ಅಂದು ಆಕೆಗೇ ತಿಳಿದಿರಲಿಲ್ಲ. ಆ ಪತ್ರದಲ್ಲಿ ತಂದೆಯ ಹೆಸರಿನ ಮೇಲೆ ಮಸಿ ಬಳಿಯಲಾಗಿತ್ತು.

ಒಂದೇ ಹೆಣ್ಣಿನ ಬಗ್ಗೆ ಎರಡು ಸರಕಾರಿ ಕಾಗದಗಳು: ಒಂದರಲ್ಲಿ ಇರಬೇಕಾದುದನ್ನು ಅಳಿಸಲಾಗಿದೆ, ಇನ್ನೊಂದರಲ್ಲಿ ಇರಬಾರದುದನ್ನು ಸೇರಿಸಲಾಗಿದೆ. ಮುಂದೆ ನೀವು ಯಾವುದೇ ದಾಖಲೆಯನ್ನು ಕೈಗೆತ್ತಿಕೊಂಡಾಗ, ಅದನ್ನು ಬರೆದವರು ಯಾರು, ಯಾರಿಗಾಗಿ ಬರೆದರು ಎಂದು ಮೊದಲು ಕೇಳಿ. ಬೆನೆಡಿಕ್ಟ್ ಕಾಲೇಜಿನ ವಿದ್ಯಾರ್ಥಿಗಳ ಹಾಗೆ, ಹುಡುಕಿಯೂ ನೋಡಿ.