ಬಿಸಿಯಾದರೆ ನಿಧಾನಿಸುವ ಯಂತ್ರ: ಒಂದು ಚಿಕ್ಕ ಇತಿಹಾಸ

2001ರ ಸೆಪ್ಟೆಂಬರ್ ತಿಂಗಳಲ್ಲಿ ಟಾಮ್ಸ್ ಹಾರ್ಡ್‌ವೇರ್ ಎಂಬ ಅಂತರ್ಜಾಲ ತಾಣದವರು ಒಂದು ವಿಚಿತ್ರವಾದ ಪ್ರಯೋಗವನ್ನು ಮಾಡಿ, ಅದರ ಚಿತ್ರೀಕರಣವನ್ನು ಪ್ರಕಟಿಸಿದರು. ಗಣಕಯಂತ್ರದಲ್ಲಿ ಕ್ವೇಕ್ 3 ಎಂಬ ಗುಂಡು ಹಾರಿಸುವ ಆಟವು ಓಡುತ್ತಿರುವಾಗಲೇ, ಪ್ರೊಸೆಸರಿನ ನೆತ್ತಿಯ ಮೇಲೆ ಕುಳಿತಿರುವ ಹೀಟ್‌ಸಿಂಕನ್ನು, ಅಂದರೆ ಶಾಖವನ್ನು ಹೀರಿ ಗಾಳಿಗೆ ಬಿಡುವ ಲೋಹದ ರೆಕ್ಕೆಗಳ ಗಟ್ಟಿಯನ್ನು, ಕೈಯಿಂದ ಕಿತ್ತು ತೆಗೆದುಬಿಟ್ಟರು. ಎಎಮ್‌ಡಿ ಕಂಪನಿಯ ಅಥ್ಲಾನ್ ಪ್ರೊಸೆಸರುಗಳು ನೋಡನೋಡುತ್ತಿದ್ದಂತೆಯೇ ಹೊಗೆಯಾಡಿ ಸುಟ್ಟುಹೋದವು. ಇಂಟೆಲ್ಲಿನ ಪೆಂಟಿಯಮ್ 3 ಸುಡಲಿಲ್ಲ, ಆದರೆ ಆಟವು ಕಲ್ಲಿನಂತೆ ನಿಂತುಹೋಯಿತು. ಪೆಂಟಿಯಮ್ 4 ಮಾತ್ರ ಸಾಯಲೂ ಇಲ್ಲ, ನಿಲ್ಲಲೂ ಇಲ್ಲ. ಆಟವು ತೀರಾ ನಿಧಾನವಾಗಿ ತೆವಳತೊಡಗಿತು. ಹೀಟ್‌ಸಿಂಕನ್ನು ಮರಳಿ ಇಟ್ಟೊಡನೆ ಏನೂ ಆಗಿಲ್ಲವೆಂಬಂತೆ ಮೊದಲಿನ ವೇಗಕ್ಕೆ ಬಂದಿತು.

ಇತಿಹಾಸದ ಮೇಷ್ಟರಿಗೆ ಇದರ ಗೊಡವೆ ಏಕೆ ಎಂದು ನನ್ನ ಹಳೆಯ ವಿದ್ಯಾರ್ಥಿಗಳು ಹುಬ್ಬೇರಿಸಬಹುದು. ನಮ್ಮ ಮನೆಗಳಲ್ಲಿ ಆರೇಳು ವರ್ಷ ದುಡಿದ ಲ್ಯಾಪ್‌ಟಾಪುಗಳು ಒಂದು ದಿನ ಇದ್ದಕ್ಕಿದ್ದಂತೆ ಕುಂಟತೊಡಗುತ್ತವೆ. ಮಕ್ಕಳು ಆಡುವ ಆಟದಲ್ಲಿ ಚಿತ್ರಗಳು ತುಂಡುತುಂಡಾಗಿ ಜಿಗಿಯುತ್ತವೆ. ಅಂಗಡಿಯವನು ‘ಬೋರ್ಡು ಹೋಗಿದೆ, ಹೊಸದು ತಗೊಳ್ಳಿ’ ಎನ್ನುತ್ತಾನೆ. ಆ ಮಾತನ್ನು ನಂಬುವುದಕ್ಕೆ ಮೊದಲು ಯಂತ್ರಗಳು ನಿಧಾನಿಸುವುದನ್ನು ಕಲಿತದ್ದು ಯಾವಾಗ, ಏಕೆ ಎಂಬುದನ್ನು ತಿಳಿದರೆ ಹಣವೂ ಉಳಿದೀತು ಎಂಬುದು ನನ್ನ ಅಭಿಪ್ರಾಯ. ಇತ್ತೀಚೆಗೆ ಒಂದು ಮನೆಯಲ್ಲಿ ಹಾಗೆ ಉಳಿದದ್ದೂ ಉಂಟು. ಅದನ್ನು ಮುಂದೆ ಹೇಳುತ್ತೇನೆ.

ಗಣಕಕ್ಕೂ ಬಿಸಿಗೂ ಇರುವ ಜಗಳ ಗಣಕದಷ್ಟೇ ಹಳೆಯದು. 1946ರ ಫೆಬ್ರವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಲೋಕಕ್ಕೆ ತೋರಿಸಲಾದ ಎನಿಯಾಕ್ ಯಂತ್ರದಲ್ಲಿ ಸುಮಾರು 18,000 ನಿರ್ವಾತ ಕೊಳವೆಗಳಿದ್ದವು. ನಮ್ಮ ತಂದೆಯವರ ಕಾಲದ ರೇಡಿಯೋದಲ್ಲಿ ಕೆಂಪಗೆ ಉರಿಯುತ್ತಿದ್ದವಲ್ಲ, ಅಂಥವು. ಯಂತ್ರದ ತೂಕ 30 ಟನ್ನು, ಅದು ನುಂಗುತ್ತಿದ್ದ ವಿದ್ಯುತ್ತು 150 ಕಿಲೋವ್ಯಾಟ್. ಅಷ್ಟೂ ವಿದ್ಯುತ್ತು ಕೊನೆಗೆ ಶಾಖವಾಗಿಯೇ ಹೊರಬರಬೇಕು. ಗಣಕವು ಲೆಕ್ಕವನ್ನು ಮಾಡಿತೆಂದು ಪ್ರಕೃತಿಯೇನೂ ರಿಯಾಯಿತಿ ಕೊಡುವುದಿಲ್ಲ. ಆದ್ದರಿಂದ ದೊಡ್ಡ ದೊಡ್ಡ ಗಾಳಿಯಂತ್ರಗಳನ್ನಿಟ್ಟು ಅದನ್ನು ತಂಪುಗೊಳಿಸಬೇಕಾಯಿತು.

1947ರ ಡಿಸೆಂಬರಿನಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿದ ಮೇಲೆ ಈ ಕಷ್ಟ ತೀರಿತೆಂದೇ ಜನ ಭಾವಿಸಿದರು. 1965ರಲ್ಲಿ ಗಾರ್ಡನ್ ಮೂರ್ ಅವರು ಬರೆದ ಪ್ರಸಿದ್ಧ ಲೇಖನವನ್ನು ಎಲ್ಲರೂ ಟ್ರಾನ್ಸಿಸ್ಟರುಗಳ ಸಂಖ್ಯೆ ದ್ವಿಗುಣಿಸುವ ಭವಿಷ್ಯವಾಣಿಗಾಗಿ ನೆನೆಯುತ್ತಾರೆ. ಸಾವಿರಾರು ಭಾಗಗಳನ್ನು ಒಂದೇ ಚೂರು ಸಿಲಿಕಾನಿನಲ್ಲಿ ತುರುಕಿದರೆ ಅದರ ಬಿಸಿಯನ್ನು ಹೊರಹಾಕುವುದು ಹೇಗೆ ಎಂಬ ಪ್ರಶ್ನೆಯನ್ನೂ ಅವರು ಅದೇ ಲೇಖನದಲ್ಲಿ ಎತ್ತಿ, ಸಾಧ್ಯವಾದೀತೆಂಬ ಭರವಸೆಯ ಉತ್ತರವನ್ನೂ ಕೊಟ್ಟಿದ್ದರು. ಆ ಭರವಸೆಗೆ ಗಟ್ಟಿಯಾದ ಆಧಾರವನ್ನು ಒದಗಿಸಿದವರು ಐಬಿಎಮ್ ಸಂಸ್ಥೆಯ ರಾಬರ್ಟ್ ಡೆನಾರ್ಡ್. ಅವರು 1974ರಲ್ಲಿ ಸಹೋದ್ಯೋಗಿಗಳೊಡನೆ ಪ್ರಕಟಿಸಿದ ಪ್ರಬಂಧದ ತಿರುಳು ಇಷ್ಟೇ: ಟ್ರಾನ್ಸಿಸ್ಟರನ್ನು ಚಿಕ್ಕದು ಮಾಡುವಾಗ ಅದಕ್ಕೆ ಕೊಡುವ ವೋಲ್ಟೇಜನ್ನೂ ಅದೇ ಪ್ರಮಾಣದಲ್ಲಿ ತಗ್ಗಿಸುತ್ತಾ ಹೋದರೆ, ಒಂದು ಚದರ ಮಿಲಿಮೀಟರಿನಿಂದ ಹೊರಡುವ ಶಾಖ ಹೆಚ್ಚುವುದಿಲ್ಲ. ಸುಮಾರು 30 ವರ್ಷ ಇಡೀ ಗಣಕಲೋಕವು ಈ ಒಂದು ಮಾತಿನ ನೆರಳಿನಲ್ಲಿ ಸುಖವಾಗಿ ಬಾಳಿತು.

ಆ ಸುಖದ ದಿನಗಳ ಒಂದು ತಮಾಷೆಯ ಕುರುಹು ‘ಟರ್ಬೋ’ ಗುಂಡಿ. 1981ರಲ್ಲಿ ಬಂದ ಐಬಿಎಮ್ ಪಿಸಿಯ ವೇಗ 4.77 ಮೆಗಾಹರ್ಟ್ಸ್. ಅದಕ್ಕೆಂದು ಬರೆದ ಆಟಗಳು ಆ ವೇಗವನ್ನೇ ಗಡಿಯಾರವೆಂದು ನಂಬಿದ್ದವು. ಮುಂದೆ ಯಂತ್ರಗಳು ಚುರುಕಾದಾಗ ಆಟದೊಳಗಿನ ಶತ್ರುಗಳು ಕಣ್ಣಿಗೆ ಕಾಣದಷ್ಟು ಬೇಗ ಓಡಾಡತೊಡಗಿದರು. ಆಗ ಕಂಪನಿಗಳು ಯಂತ್ರದ ಮುಖಕ್ಕೆ ಒಂದು ಗುಂಡಿಯನ್ನು ಕೂರಿಸಿದವು. ಹೆಸರು ಟರ್ಬೋ, ನಿಜವಾದ ಉಪಯೋಗ ವೇಗವನ್ನು ತಗ್ಗಿಸುವುದು. 1990ರ ದಶಕದಲ್ಲಿ ನಮ್ಮ ಶಾಲೆಗಳಿಗೆ ಬಂದ ಗಣಕಗಳನ್ನು ಮುಟ್ಟಿದವರಿಗೆ ಆ ಗುಂಡಿಯೂ ಅದರ ಪಕ್ಕದ ಹಸಿರು ಅಂಕಿಗಳೂ ನೆನಪಿರಬಹುದು. ಆಟವಾಡಲೆಂದು ಯಂತ್ರವನ್ನು ಬೇಕೆಂದೇ ನಿಧಾನಿಸಿದ ಕಾಲ ಅದೊಂದೇ ಇರಬೇಕು.

ಡೆನಾರ್ಡರ ನೆರಳು ಸರಿದದ್ದು ಹೊಸ ಶತಮಾನದ ಆರಂಭದಲ್ಲಿ. ಕಾಲುವೆಯ ಏರಿಯನ್ನು ತೆಳುವಾಗಿಸುತ್ತಾ ಹೋದರೆ ಒಂದು ಹಂತದ ನಂತರ ತೂಬು ಮುಚ್ಚಿದ್ದರೂ ನೀರು ಜಿನುಗುತ್ತದೆಯಲ್ಲವೇ? ಟ್ರಾನ್ಸಿಸ್ಟರಿನಲ್ಲಿಯೂ ಹಾಗೆಯೇ ಆಯಿತು. ಅದು ಕೆಲಸ ಮಾಡದಿದ್ದಾಗಲೂ ವಿದ್ಯುತ್ತು ಸೋರತೊಡಗಿತು. ಸೋರಿಕೆಯ ಭಯದಿಂದ ವೋಲ್ಟೇಜನ್ನು ಇನ್ನಷ್ಟು ಇಳಿಸುವುದೂ ಕಷ್ಟವಾಯಿತು. 2004ರ ಫೆಬ್ರವರಿಯಲ್ಲಿ ಬಂದ ಪ್ರೆಸ್ಕಾಟ್ ಎಂಬ ಪೆಂಟಿಯಮ್ 4 ಒಲೆಯಂತೆ ಕಾಯುತ್ತದೆಂದು ಕುಖ್ಯಾತವಾಯಿತು. ಅದೇ ಮೇ ತಿಂಗಳಲ್ಲಿ ಇಂಟೆಲ್ ಮುಂದಿನ ಟೇಜಾಸ್ ಪ್ರೊಸೆಸರಿನ ಯೋಜನೆಯನ್ನೇ ಕೈಬಿಟ್ಟಿತು. ಅಕ್ಟೋಬರಿನಲ್ಲಿ, ಆಡಿದ ಮಾತಿನಂತೆ 4 ಗಿಗಾಹರ್ಟ್ಸ್ ಮುಟ್ಟಲಾರೆವೆಂದು ಒಪ್ಪಿಕೊಂಡಿತು. ಕಂಪನಿಯ ಮುಖ್ಯಸ್ಥ ಕ್ರೇಗ್ ಬ್ಯಾರೆಟ್ ಸಭೆಯೊಂದರಲ್ಲಿ ಅರೆ ತಮಾಷೆಯಾಗಿ ಮೊಣಕಾಲೂರಿ ಕ್ಷಮೆ ಕೇಳಿದರು. ರಾಜರು ಯುದ್ಧದಲ್ಲಿ ಸೋತು ಮೊಣಕಾಲೂರಿದ್ದನ್ನು ಎಷ್ಟೋ ವರ್ಷ ಪಾಠ ಮಾಡಿದ್ದೇನೆ. ಬಿಸಿಗೆ ಸೋತು ಮೊಣಕಾಲೂರಿದ ದೊರೆ ಇವರೊಬ್ಬರೇ.

ವೇಗವನ್ನು ಹೆಚ್ಚಿಸಲಾಗದ ಮೇಲೆ ಒಂದೇ ಚಿಪ್ಪಿನಲ್ಲಿ ಎರಡು, ನಾಲ್ಕು ಮಿದುಳುಗಳನ್ನು ಇಡುವ ದಾರಿ ಹಿಡಿದರು. ಜೊತೆಗೆ ಪೆಂಟಿಯಮ್ 4 ಆ ಪ್ರಯೋಗದಲ್ಲಿ ತೋರಿಸಿದ ಗುಣವು, ಅಂದರೆ ಕಾದಾಗ ತಾನಾಗಿಯೇ ಹೆಜ್ಜೆಯನ್ನು ನಿಧಾನಿಸುವ ಗುಣವು, ಎಲ್ಲ ಯಂತ್ರಗಳ ಸ್ವಭಾವವೇ ಆಯಿತು. ಲ್ಯಾಪ್‌ಟಾಪಿನಲ್ಲಂತೂ ಇದು ಅನಿವಾರ್ಯ. 2000ದ ಜನವರಿಯಲ್ಲಿ ಇಂಟೆಲ್ ತಂದ ಸ್ಪೀಡ್‌ಸ್ಟೆಪ್ ಎಂಬ ವ್ಯವಸ್ಥೆಯಲ್ಲಿ ಗೋಡೆಯ ವಿದ್ಯುತ್ತಿಗೆ ಒಂದು ವೇಗ, ಬ್ಯಾಟರಿಗೆ ಅದಕ್ಕಿಂತ ಕಡಿಮೆಯ ಇನ್ನೊಂದು ವೇಗ ಇದ್ದವು. 2008ರಲ್ಲಿ ಟರ್ಬೋ ಎಂಬ ಹೆಸರೇ ಮತ್ತೆ ಬಂದಿತು, ಈ ಸಲ ನಿಜವಾದ ಅರ್ಥದಲ್ಲಿ: ತಂಪಾಗಿದ್ದರೆ, ವಿದ್ಯುತ್ತು ಸಾಕಷ್ಟಿದ್ದರೆ, ಸ್ವಲ್ಪ ಹೊತ್ತು ಹೆಚ್ಚು ಓಡು. ಹೀಗಾಗಿ ಇಂದಿನ ಲ್ಯಾಪ್‌ಟಾಪಿಗೆ ಇಂಥದೇ ವೇಗವೆಂದು ಒಂದಿಲ್ಲ. ಮುಂಜಾನೆಯ ತಂಪಿನಲ್ಲಿ ಎಳೆಯುವ ಎತ್ತು ರಾಯಚೂರಿನ ಮೇ ತಿಂಗಳ ಮಟಮಟ ಮಧ್ಯಾಹ್ನದಲ್ಲಿಯೂ ಅಷ್ಟೇ ಎಳೆದೀತೆಂದು ಯಾವ ರೈತನೂ ನಿರೀಕ್ಷಿಸುವುದಿಲ್ಲ.

ಈಗ ಆ ಮನೆಯ ವಿಷಯ. ಕಿರಾಣಿ ಅಂಗಡಿಯಿಟ್ಟುಕೊಂಡಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಸಂಜೆ ಫೋನು ಮಾಡಿ, ‘ಸರ್, ಮಗಳ ಲ್ಯಾಪ್‌ಟಾಪ್ ಕೆಟ್ಟಿದೆ. ಸೊಸೈಟಿಯಲ್ಲಿ ಸಾಲ ಕೇಳ್ಬೇಕು ಅಂತಿದೀನಿ’ ಎಂದ. 2018ರಲ್ಲಿ ಕೊಂಡದ್ದು. ಅಣ್ಣನಿಂದ ತಂಗಿಗೆ ಬಂದದ್ದು. ಹುಡುಗಿ ಇಂಜಿನಿಯರಿಂಗಿನ ಕೊನೆಯ ವರ್ಷದಲ್ಲಿದ್ದಾಳೆ. ಆಟವೂ ಅದರಲ್ಲೇ, ಪ್ರಾಜೆಕ್ಟಿನ ಯಂತ್ರಚಿತ್ರಗಳೂ ಅದರಲ್ಲೇ. ಮೊದಲು ಆಟವು ಕುಂಟಿತು, ಆಮೇಲೆ ಚಿತ್ರ ಬರೆಯುವ ತಂತ್ರಾಂಶವೂ ಕುಂಟಿತು. ರಿಪೇರಿಯ ಅಂಗಡಿಯೊಂದರಲ್ಲಿ ಮದರ್‌ಬೋರ್ಡನ್ನೇ ಬದಲಿಸಬೇಕೆಂದು ಹದಿನೆಂಟು ಸಾವಿರ ಹೇಳಿದ್ದರು. ಪ್ರಾಜೆಕ್ಟನ್ನು ಒಪ್ಪಿಸಲು ಉಳಿದದ್ದು ಐದು ವಾರ.

ನಾನು ಹುಡುಗಿಗೇ ಫೋನು ಕೊಡಲು ಹೇಳಿ ಎರಡು ಪ್ರಶ್ನೆಗಳನ್ನು ಕೇಳಿದೆ. ಇತಿಹಾಸ ಓದಿದವನಿಗೆ ‘ಯಾವಾಗಿನಿಂದ?’ ಎಂಬುದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ. ಆಟ ಶುರುವಾದ ಎಷ್ಟು ಹೊತ್ತಿಗೆ ನಿಧಾನವಾಗುತ್ತದೆ, ಮತ್ತು ಈ ಕಾಟ ಯಾವ ದಿನದಿಂದ?

ಮೊದಲನೆಯ ಪ್ರಶ್ನೆಗೆ ಕಾರಣ ಇದು. ನಮ್ಮ ಬಯಲುಸೀಮೆಯ ಧೂಳು ಫ್ಯಾನಿನ ಮುಂದಿರುವ ತಾಮ್ರದ ರೆಕ್ಕೆಗಳ ನಡುವೆ ಕಂಬಳಿಯಂತೆ ಹೆಪ್ಪುಗಟ್ಟುತ್ತದೆ. ಚಿಪ್ಪಿಗೂ ಲೋಹಕ್ಕೂ ನಡುವೆ ಹಚ್ಚುವ ಪೇಸ್ಟು ವರ್ಷಗಳು ಕಳೆದಂತೆ ಒಣಗುತ್ತದೆ. ಇಂಥ ಯಂತ್ರವು ಆರಂಭದಲ್ಲಿ ಚೆನ್ನಾಗಿಯೇ ಓಡಿ, ಐದು ಹತ್ತು ನಿಮಿಷವಾಗಿ ಮೈ ಕಾದ ಮೇಲೆ, ಫ್ಯಾನಿನ ಆರ್ಭಟದ ನಡುವೆ ಕುಂಟುತ್ತದೆ. ಈ ದೋಷವು ತಿಂಗಳುಗಳ ಕಾಲ ಸ್ವಲ್ಪಸ್ವಲ್ಪವಾಗಿ ಬೆಳೆಯುವಂಥದು. ಹುಡುಗಿಯ ಉತ್ತರ ಬೇರೆಯೇ ಇತ್ತು: ‘ಇಲ್ಲ ಸರ್, ಆನ್ ಮಾಡಿದ ಮೊದಲ ನಿಮಿಷದಿಂದಲೇ. ಫ್ಯಾನ್ ಸದ್ದೇ ಮಾಡಲ್ಲ.’

ಕಾಯದೆಯೇ ನಿಧಾನಿಸಿದರೆ ಬಿಸಿಯು ಕಾರಣವಲ್ಲ. ಟಾಸ್ಕ್ ಮ್ಯಾನೇಜರನ್ನು ತೆರೆದು, ಆಟ ಓಡುತ್ತಿರುವಾಗ ಪ್ರೊಸೆಸರಿನ ವೇಗವನ್ನು ಓದಲು ಹೇಳಿದೆ. 2.3 ಗಿಗಾಹರ್ಟ್ಸ್‌ಗಿಂತ ಮೇಲಿರಬೇಕಾದ ಅಂಕಿ 0.79ರಲ್ಲಿ ಅಲುಗಾಡದೆ ನಿಂತಿತ್ತು. ಯಾರೋ ಯಂತ್ರದ ಮೂಗುದಾರವನ್ನು ಬಿಗಿಯಾಗಿ ಹಿಡಿದಿದ್ದರು.

ಎರಡನೆಯ ಪ್ರಶ್ನೆಗೆ ಆಕೆ ಸ್ವಲ್ಪ ಯೋಚಿಸಿ, ಗೌರಿಹಬ್ಬದ ವಾರದಿಂದ ಎಂದಳು. ಆ ವಾರ ಏನಾಯಿತು? ಓಣಿಯಲ್ಲಿ ವೋಲ್ಟೇಜು ಏರಿ ಚಾರ್ಜರು ಸುಟ್ಟಿತ್ತು. ಪೇಟೆಯಲ್ಲಿ ಪಿನ್ನು ಹೊಂದುವ ಬೇರೊಂದನ್ನು ತಂದಿದ್ದರು. ಎರಡರ ಬೆನ್ನ ಮೇಲಿನ ಚೀಟಿಯನ್ನೂ ಓದಿಸಿದೆ. ಸುಟ್ಟದ್ದು 135 ವ್ಯಾಟ್, ಹೊಸದು 65.

ಆಟದ ಲ್ಯಾಪ್‌ಟಾಪಿನಲ್ಲಿ ಪ್ರೊಸೆಸರೂ ಗ್ರಾಫಿಕ್ಸ್ ಚಿಪ್ಪೂ ಒಟ್ಟಿಗೆ ದುಡಿದಾಗ ನೂರು ವ್ಯಾಟನ್ನು ದಾಟುವುದುಂಟು. ಚಾರ್ಜರಿನಿಂದ ಬರುವುದು ಸಾಲದಿದ್ದರೆ ಬ್ಯಾಟರಿಯು ಕೈಜೋಡಿಸಬೇಕು. ಏಳು ವರ್ಷದ ಮುದಿ ಬ್ಯಾಟರಿಗೆ ಆ ಶಕ್ತಿ ಇರುವುದಿಲ್ಲ. ಕೆಲವು ಕಂಪನಿಗಳ ಚಾರ್ಜರಿನಲ್ಲಿ ತನ್ನ ಸಾಮರ್ಥ್ಯವನ್ನು ಯಂತ್ರಕ್ಕೆ ತಿಳಿಸುವ ಪ್ರತ್ಯೇಕ ಪಿನ್ನೇ ಇರುತ್ತದೆ. ಆ ಗುರುತು ಸಿಗದಿದ್ದರೆ ಅಥವಾ ಸಾಮರ್ಥ್ಯ ಕಡಿಮೆಯಿದ್ದರೆ ಬೋರ್ಡು ಪ್ರೊಸೆಸರಿಗೆ ‘ಕಾದಿದ್ದೀಯೆ, ನಿಧಾನಿಸು’ ಎಂಬ ಸಂಕೇತವನ್ನೇ ಕಳುಹಿಸುತ್ತದೆ. ಬಿಸಿಗೆಂದು ಮಾಡಿಟ್ಟ ಅದೇ ಹಳೆಯ ದಾರಿಯನ್ನು ಇಲ್ಲಿ ಹಸಿವಿಗೂ ಬಳಸಿಕೊಂಡಿದ್ದಾರೆ. ಇದು ಯಂತ್ರವನ್ನು ಕಾಯುವ ಜಾಣತನ. ಆದರೆ ಬಳಸುವವರಿಗೆ ಒಂದು ಮಾತೂ ಹೇಳದಿರುವುದು ಜಾಣತನವೆಂದು ನನಗೆ ತೋರುವುದಿಲ್ಲ. ಅದೇ ಮಾದರಿಯ ಲ್ಯಾಪ್‌ಟಾಪುಳ್ಳ ಗೆಳತಿಯ ಚಾರ್ಜರನ್ನು ಒಂದು ಗಂಟೆ ಎರವಲು ತಂದು ಚುಚ್ಚಿದಾಗ ವೇಗವು ಮರಳಿತು. ಸರಿಯಾದ ಚಾರ್ಜರಿಗೆ ಎರಡೂವರೆ ಸಾವಿರ ಬಿತ್ತು. ಸೊಸೈಟಿಯ ಸಾಲದ ಅರ್ಜಿ ಮೇಜಿನ ಖಾನೆಯಲ್ಲೇ ಉಳಿಯಿತು.

ಬೋರ್ಡು ಹೋಯಿತೆಂಬ ಮಾತು ಯಾವಾಗಲೂ ಸುಳ್ಳೆಂದು ಹೇಳುತ್ತಿಲ್ಲ. 2008ರ ಜುಲೈನಲ್ಲಿ ಎನ್‌ವಿಡಿಯಾ ಕಂಪನಿಯು ತನ್ನ ಕೆಲವು ಲ್ಯಾಪ್‌ಟಾಪ್ ಗ್ರಾಫಿಕ್ಸ್ ಚಿಪ್ಪುಗಳು ಅಸಹಜವಾಗಿ ಕೆಡುತ್ತಿವೆಯೆಂದು ಒಪ್ಪಿ, ಸುಮಾರು 20 ಕೋಟಿ ಡಾಲರುಗಳನ್ನು ಅದಕ್ಕಾಗಿ ತೆಗೆದಿರಿಸಬೇಕಾಯಿತು. ದಿನವೂ ಕಾದು ಆರಿ ಕಾದು ಆರಿ, ಚಿಪ್ಪಿನ ಕೆಳಗಿನ ಸೂಕ್ಷ್ಮವಾದ ಬೆಸುಗೆಗಳು ಬಿರುಕು ಬಿಡುತ್ತಿದ್ದವು. ಅದರ ಹಿಂದಿನ ವರ್ಷ ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್ 360 ಆಟದ ಪೆಟ್ಟಿಗೆಗಳ ದುರಸ್ತಿಗಾಗಿ 100 ಕೋಟಿ ಡಾಲರಿಗೂ ಮಿಕ್ಕಿ ಮೀಸಲಿಟ್ಟಿತ್ತು. ಆದರೆ ಬೆಸುಗೆ ಬಿರಿದ ಯಂತ್ರವು ಸಾಮಾನ್ಯವಾಗಿ ಪರದೆಯ ಮೇಲೆ ಗೆರೆಗಳನ್ನು ಎಳೆಯುತ್ತದೆ, ಇಲ್ಲವೇ ಹೊತ್ತಿಕೊಳ್ಳುವುದೇ ಇಲ್ಲ. ಬಹುತೇಕ ಸಲ ಶಿಸ್ತಾಗಿ ಒಂದೇ ವೇಗದಲ್ಲಿ ತೆವಳುವುದಿಲ್ಲ. ಬಿಸಿಗಾಳಿ ಹಾಯಿಸಿ ಅದನ್ನು ‘ಸರಿ’ ಮಾಡಿಕೊಡುವವರೂ ಇದ್ದಾರೆ. ಅದು ಕೆಲವು ವಾರಗಳ ಮಾತು.

ಹೇಳದೆ ನಿಧಾನಿಸಿದ್ದಕ್ಕೆ ಬೆಲೆ ತೆತ್ತ ಪ್ರಸಂಗವೂ ಇತಿಹಾಸದಲ್ಲಿದೆ; ಅದು ಲ್ಯಾಪ್‌ಟಾಪಿನದಲ್ಲ, ಫೋನಿನದು. ಹಳೆಯ ಐಫೋನುಗಳು ಹೊಸ ತಂತ್ರಾಂಶ ಹಾಕಿದ ಮೇಲೆ ಸೋಮಾರಿಯಾಗುತ್ತವೆಂದು ಜನ ಬಹಳ ದಿನಗಳಿಂದ ಗೊಣಗುತ್ತಿದ್ದರು. 2017ರ ಡಿಸೆಂಬರಿನಲ್ಲಿ ಜಾನ್ ಪೂಲ್ ಎಂಬುವರು ಸಾವಿರಾರು ಫೋನುಗಳ ವೇಗದ ಅಂಕಿಗಳನ್ನು ರೇಖಾಚಿತ್ರಕ್ಕಿಳಿಸಿ, ನಿಧಾನವು ತಂತ್ರಾಂಶದ ನಿರ್ದಿಷ್ಟ ಆವೃತ್ತಿಗಳಿಂದಲೇ ಆರಂಭವಾದದ್ದನ್ನು ತೋರಿಸಿದರು. ಅವರು ಕೇಳಿದ್ದೂ ‘ಯಾವಾಗಿನಿಂದ?’ ಎಂಬುದನ್ನೇ. ಕೆಲವೇ ದಿನಗಳಲ್ಲಿ ಆಪಲ್ ಒಪ್ಪಿಕೊಂಡಿತು: ಮುದಿಯಾದ ಬ್ಯಾಟರಿಯಿಂದ ಫೋನು ಥಟ್ಟನೆ ಆರಿಹೋಗಬಾರದೆಂದು ತಾವೇ ವೇಗವನ್ನು ತಗ್ಗಿಸಿದ್ದಾಗಿ. ಕಾರಣವು ಸಮಂಜಸವೇ. ಆದರೆ ಬ್ಯಾಟರಿ ಬದಲಿಸಿದರೆ ಸಾಕಾಗಿದ್ದ ಎಷ್ಟೋ ಜನ ಇದು ತಿಳಿಯದೆ ಹೊಸ ಫೋನನ್ನೇ ಕೊಂಡಿದ್ದರೆ ಆ ನಷ್ಟ ಯಾರದು? ಕಂಪನಿಯು ಕ್ಷಮೆ ಕೇಳಿ ಬ್ಯಾಟರಿ ಬದಲಾವಣೆಯ ದರವನ್ನು ಅಮೆರಿಕದಲ್ಲಿ 79 ಡಾಲರಿನಿಂದ 29ಕ್ಕೆ ಇಳಿಸಿತು. 2020ರ ಫೆಬ್ರವರಿಯಲ್ಲಿ ಫ್ರಾನ್ಸ್ ಸರ್ಕಾರ ಎರಡೂವರೆ ಕೋಟಿ ಯೂರೋ ದಂಡ ವಿಧಿಸಿತು. ಮರುತಿಂಗಳು ಅಮೆರಿಕದಲ್ಲಿ 50 ಕೋಟಿ ಡಾಲರುಗಳವರೆಗಿನ ರಾಜಿಯಾಯಿತು. ಇವೆಲ್ಲಕ್ಕಿಂತ ಉಪಯುಕ್ತವಾದ ಬದಲಾವಣೆ 2018ರ ಮಾರ್ಚಿನಲ್ಲಿಯೇ ಬಂದಿತ್ತು: ಬ್ಯಾಟರಿಯ ಆರೋಗ್ಯವನ್ನು ತೋರಿಸುವ, ನಿಧಾನಿಸುತ್ತಿದ್ದೇನೆಂದು ಬಾಯಿಬಿಟ್ಟು ಹೇಳುವ, ಬೇಡವಾದರೆ ಅದನ್ನು ನಿಲ್ಲಿಸಲು ಬಿಡುವ ಒಂದು ಪುಟ.