ಲೆಕ್ಕಕ್ಕೆ ಬಾರದ ಬಂಟ್: 1910ರ ಬ್ಯಾಟಿಂಗ್ ಪಟ್ಟದ ಮರುಪರಿಶೀಲನೆ

ಅಮೆರಿಕನ್ ಲೀಗಿನ 1910ರ ಬ್ಯಾಟಿಂಗ್ ಪಟ್ಟದ ಕಥೆಯನ್ನು ಬೇಸ್‌ಬಾಲ್ ಚರಿತ್ರೆಕಾರರು ಎರಡು ಕಂತುಗಳಲ್ಲಿ ಹೇಳುತ್ತ ಬಂದಿದ್ದಾರೆ. ಮೊದಲನೆಯದು ಸೇಂಟ್ ಲೂಯಿಸ್ ಮೈದಾನದಲ್ಲಿ ನಡೆದ ನಗೆಪಾಟಲು. ಎರಡನೆಯದು ಎಪ್ಪತ್ತೊಂದು ವರ್ಷಗಳ ಬಳಿಕ ಪತ್ರಿಕೆಯಲ್ಲಿ ಬಯಲಾದ ಗುಮಾಸ್ತನ ತಪ್ಪು. ಮೊದಲ ಕಂತನ್ನು ನಗುತ್ತ ಹೇಳುತ್ತಾರೆ, ಎರಡನೆಯದನ್ನು ಹಲ್ಲು ಕಚ್ಚಿ ಹೇಳುತ್ತಾರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ತೂಗಿದವರು ವಿರಳ. ಹಾಗೆ ತೂಗದೆ ಹೋದದ್ದರಿಂದಲೇ 1981ರ ಏಪ್ರಿಲ್‌ನಲ್ಲಿ 'ದಿ ಸ್ಪೋರ್ಟಿಂಗ್ ನ್ಯೂಸ್' ವಾರಪತ್ರಿಕೆಯ ಪಾಲ್ ಮ್ಯಾಕ್‌ಫರ್ಲೇನ್ ಕೊಟ್ಟ ತೀರ್ಪು ಇಂದಿಗೂ ಪೂರ್ಣಸತ್ಯದ ವೇಷದಲ್ಲಿ ಓಡಾಡುತ್ತಿದೆ. ಪಟ್ಟ ಟೈ ಕಾಬ್‌ನದಲ್ಲ, ನ್ಯಾಪ್ ಲಾಜ್ವೇಯದು ಎಂಬುದು ಆ ತೀರ್ಪು.

(ತಪ್ಪನ್ನು ಮೊದಲು ಕಂಡವನು ಮ್ಯಾಕ್‌ಫರ್ಲೇನ್ ಅಲ್ಲ, ಪೀಟ್ ಪಾಮರ್, ವರ್ಷ 1978. ಪತ್ರಿಕೆಯ ಗದ್ದಲದಲ್ಲಿ ಪಾಮರನ ಹೆಸರು ಹಿಂದೆ ಸರಿಯಿತು. ಪುಟಗಳನ್ನು ಸಾಲುಸಾಲಾಗಿ ಕೂಡಿಸಿ ನೋಡಿದವನಿಗೂ ಅದನ್ನು ತಲೆಬರಹ ಮಾಡಿದವನಿಗೂ ಸಮಪಾಲು ಕೊಡುವ ಔದಾರ್ಯ ಈ ಲೇಖಕನಿಗಿಲ್ಲ.)

ಚರ್ಚೆಗೆ ಬೇಕಾದ ಅಂಕಿಗಳು ಇಷ್ಟೆ. ಅಧಿಕೃತ ಖಾತೆಯಂತೆ ಕಾಬ್ 509 ಸರದಿಗಳಲ್ಲಿ 196 ಹಿಟ್ ಹೊಡೆದ, ಸರಾಸರಿ 0.385. ಲಾಜ್ವೇ 591 ಸರದಿಗಳಲ್ಲಿ 227, ಸರಾಸರಿ 0.384. ಗೆದ್ದವನಿಗೆ ಹ್ಯೂ ಚಾಮರ್ಸ್ ಎಂಬ ಕಾರು ತಯಾರಕ 1,500 ಡಾಲರ್ ಬೆಲೆಯ 'ಚಾಮರ್ಸ್ 30' ಕಾರನ್ನು ಬಹುಮಾನವಾಗಿ ಘೋಷಿಸಿದ್ದ. ಪಟ್ಟ ಕೈಗೆ ಬಂದೇಬಿಟ್ಟಿತೆಂದು ನಂಬಿದ ಕಾಬ್ ಡೆಟ್ರಾಯಿಟ್ ತಂಡದ ಕೊನೆಯ ಎರಡು ಪಂದ್ಯಗಳಲ್ಲಿ ಆಡಲೇ ಇಲ್ಲ. ಲಾಜ್ವೇಗೆ ಉಳಿದಿದ್ದದ್ದು ಅಕ್ಟೋಬರ್ 9ರಂದು ಸೇಂಟ್ ಲೂಯಿಸ್ ಬ್ರೌನ್ಸ್ ವಿರುದ್ಧದ ಒಂದೇ ದಿನದ ಜೋಡಿ ಪಂದ್ಯ.

ಆ ಮಧ್ಯಾಹ್ನ ನಡೆದದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಬ್ರೌನ್ಸ್ ತಂಡದ ಮ್ಯಾನೇಜರ್ ಜ್ಯಾಕ್ ಓಕಾನರ್ ತನ್ನ ಎಳೆಯ ಆಟಗಾರ ರೆಡ್ ಕಾರಿಡನ್‌ನನ್ನು ಮೂರನೆಯ ಬೇಸಿನಿಂದ ಬಹಳ ಹಿಂದಕ್ಕೆ, ಹುಲ್ಲಿನ ಅಂಚಿಗೆ, ನಿಲ್ಲಿಸಿದ. ಲಾಜ್ವೇಯ ಹೊಡೆತ ಹುಡುಗನ ಮುಖಕ್ಕೆ ಬಡಿದೀತೆಂಬುದು ಕೊಟ್ಟ ಕಾರಣ. ಲಾಜ್ವೇ ಮೊದಲ ಸರದಿಯಲ್ಲಿ ಮೂರು ಬೇಸಿನ ದೊಡ್ಡ ಹೊಡೆತವನ್ನೇ ಹೊಡೆದ. ಆಮೇಲೆ ಬ್ಯಾಟನ್ನು ಬೀಸದೆ ಚೆಂಡಿಗೆ ಒಡ್ಡಿ, ಅದನ್ನು ಮೂರನೆಯ ಬೇಸಿನ ಕಡೆಗೆ ಮೆಲ್ಲಗೆ ಉರುಳಬಿಡತೊಡಗಿದ. ಬಂಟ್ ಎನ್ನುವುದು ಇದನ್ನೇ. ಕಾರಿಡನ್ ಓಡಿ ಬಂದು ಚೆಂಡು ಎತ್ತುವಷ್ಟರಲ್ಲಿ ಮೂವತ್ತಾರರ ಲಾಜ್ವೇ ಮೊದಲ ಬೇಸಿನ ಮೇಲೆ ನಿಂತಿರುತ್ತಿದ್ದ. ದಿನದ ಕೊನೆಗೆ ಎಂಟು ಸರದಿ, ಎಂಟು ಹಿಟ್.

ಆದರೆ ಆ ದಿನ ಅವನು ಬ್ಯಾಟು ಹಿಡಿದು ನಿಂತದ್ದು ಎಂಟು ಸಲವಲ್ಲ, ಒಂಬತ್ತು ಸಲ. ಲೆಕ್ಕದಿಂದ ಹೊರಗುಳಿದ ಆ ಇನ್ನೊಂದು ಬಂಟ್ ಈ ಲೇಖನದ ವಸ್ತು.

ಅದನ್ನು ಹಿಡಿದ ಕಾರಿಡನ್ ತಪ್ಪೆಸೆದ. ಸ್ಕೋರರ್ ಅದನ್ನು ಹಿಟ್ ಎಂದು ಬರೆಯಲಿಲ್ಲ. ಸ್ಯಾಕ್ರಿಫೈಸ್ (ಜೊತೆಗಾರನನ್ನು ಮುಂದಿನ ಬೇಸಿಗೆ ಸರಿಸಲು ತನ್ನನ್ನೇ ಬಲಿಕೊಡುವ ಹೊಡೆತ) ಎಂದೂ ಕ್ಷೇತ್ರರಕ್ಷಕನ ತಪ್ಪೆಂದೂ ಬರೆದ. ಸ್ಯಾಕ್ರಿಫೈಸ್ ಆದರೆ ಸರದಿಯೂ ಲೆಕ್ಕಕ್ಕಿಲ್ಲ, ಹಿಟ್ಟೂ ಲೆಕ್ಕಕ್ಕಿಲ್ಲ. ಆ ಚೆಂಡು ಹಾಕಿಯೇ ಇಲ್ಲ ಎಂಬಷ್ಟು ಸರಾಸರಿ ನಿರ್ಲಿಪ್ತ. ಆಗ ಬ್ರೌನ್ಸ್ ಪಾಳಯದ ಹ್ಯಾರಿ ಹೋವೆಲ್, ಹಿಂದೆ ಪಿಚರ್ ಆಗಿ, ಅಂದರೆ ಚೆಂಡೆಸೆಯುವವನಾಗಿ, ಹೆಸರು ಮಾಡಿದ್ದವನು, ಸ್ಕೋರರನಿಗೆ ಚೀಟಿ ಕಳಿಸಿದ: ಇದನ್ನು ಹಿಟ್ ಎಂದು ತಿದ್ದಿದರೆ ಒಂದು ಸೂಟ್ ಹೊಲಿಸಿಕೊಡಲಾಗುವುದು. ಸ್ಕೋರರ್ ಒಪ್ಪಲಿಲ್ಲ. ಹಿಂದಿನ ಬರಹಗಾರರೆಲ್ಲ ಈ ಸೂಟಿನ ಪ್ರಸಂಗವನ್ನು ಒಗ್ಗರಣೆಯಂತೆ ಬಳಸಿ ಮುಂದೆ ಹೋಗಿದ್ದಾರೆ. ಒಂದು ಸೂಟಿಗೆ ಇಷ್ಟು ಅಲ್ಪನೇ ಎಂದು ನಕ್ಕಿದ್ದಾರೆ. ಒಂದು ಭಾಗಾಕಾರ ಮಾಡಿ ನೋಡಿದ್ದರೆ ನಗು ನಿಲ್ಲುತ್ತಿತ್ತು.

ಆ ಬಂಟ್ ಹಿಟ್ ಆಗಿದ್ದರೆ ಲಾಜ್ವೇಯದು 592 ಸರದಿಗಳಲ್ಲಿ 228 ಹಿಟ್. ಸರಾಸರಿ 0.385135. ಕಾಬ್‌ನ ಅಧಿಕೃತ 509ಕ್ಕೆ 196 ಎಂದರೆ 0.385069. ಖಾತೆಯಲ್ಲಿ ಏನೇ ತಪ್ಪು ನುಸುಳಿರಲಿ, ಆ ತಪ್ಪಿನ ಲಾಭವನ್ನೆಲ್ಲ ಕಾಬ್‌ಗೆ ಕೊಟ್ಟ ಮೇಲೂ ಲಾಜ್ವೇ ಗೆದ್ದಿರುತ್ತಿದ್ದ. ಕಾರಿನ ಪ್ರಶ್ನೆ ಒಂದು ಸೂಟಿನ ಪ್ರಶ್ನೆಯಾಗಿ ಸ್ಕೋರರನ ಮೇಜಿನ ಮೇಲೆ ಬಿದ್ದಿತ್ತು. ಇದು ಹೋವೆಲ್‌ಗೆ ತಿಳಿದಿತ್ತೆಂದು ವಾದಿಸುವುದು ಅತಿರೇಕ. ಆದರೆ ಆ ಸಂಜೆ ಪೆನ್ನು ಹಿಡಿದಿದ್ದವನ ಹಟವೇ 1981ರ ವಾದಕ್ಕೆ ಜಾಗ ಮಾಡಿಕೊಟ್ಟಿತು ಎಂಬುದು ಬರೀ ಗಣಿತ.

ಇನ್ನು ಖಾತೆಯ ವಿಷಯ. ಲೀಗಿನ ಕಚೇರಿಯಲ್ಲಿ ಪ್ರತಿ ಆಟಗಾರನಿಗೂ ಕೈಬರಹದ ಕಿರ್ದಿಯಂಥ ಪುಟಗಳಿದ್ದವು. ದಿನಾಂಕಕ್ಕೊಂದು ಸಾಲು, ಸರದಿ, ರನ್, ಹಿಟ್ ಎಂದು ಉದ್ದಕ್ಕೆ ಮನೆಗಳು. ಡೆಟ್ರಾಯಿಟ್ ಸೆಪ್ಟೆಂಬರ್ 24ರಂದು ಜೋಡಿ ಪಂದ್ಯ ಆಡಿತ್ತು. ಅವುಗಳಲ್ಲಿ ಒಂದು ಪಂದ್ಯ ಎರಡು ಸಲ ದಾಖಲಾಯಿತು. ಕಾಬ್‌ಗೆ ಅದು ಮೂರು ಸರದಿಗೆ ಎರಡು ಹಿಟ್‌ನ ಪಂದ್ಯ. ತಪ್ಪು ಯಾರದೋ ಕಣ್ಣಿಗೆ ಬಿದ್ದಿದೆ; ಉಳಿದ ಡೆಟ್ರಾಯಿಟ್ ಆಟಗಾರರ ಪುಟಗಳಲ್ಲಿ ಹೆಚ್ಚುವರಿ ಸಾಲಿಗೆ ಕಾಟು ಹಾಕಲಾಗಿದೆ. ಕಾಬ್‌ನ ಪುಟದಲ್ಲಿ ಹಾಕಿಲ್ಲ. ಆ ಸಾಲನ್ನು ಕಳೆದರೆ ಅವನದು 506ಕ್ಕೆ 194, ಅಂದರೆ 0.383399. ಲಾಜ್ವೇಯದು 0.384095.

ಸಂಚಿನ ವಾದದವರಿಗೆ ಈ ಕಾಟಿಲ್ಲದ ಸಾಲೇ ಪರಮ ಸಾಕ್ಷಿ. ಲೀಗಿನ ಅಧ್ಯಕ್ಷ ಬ್ಯಾನ್ ಜಾನ್ಸನ್ ಸೇಂಟ್ ಲೂಯಿಸ್‌ನ ಕೊಳಕನ್ನು ತೊಳೆಯಲು ಕಾಬ್‌ನನ್ನು ಗೆಲ್ಲಿಸಲೇಬೇಕಿತ್ತು, ಅದಕ್ಕಾಗಿ ಎರಡು ಹಿಟ್ ಹುಟ್ಟಿಸಿದ ಎನ್ನುತ್ತಾರೆ. ಈ ಓದು ಎರಡು ಬೇರೆ ಕೆಲಸಗಳನ್ನು ಒಂದು ಮಾಡುತ್ತದೆ. ಸಾಲು ಬರೆದದ್ದು ಒಂದು ಕೆಲಸ, ಕಾಟು ಹಾಕದೆ ಬಿಟ್ಟದ್ದು ಇನ್ನೊಂದು. ಬರೆದ ಕೈ ಇಡೀ ತಂಡಕ್ಕೆ ಬರೆಯಿತು. ಒಬ್ಬನನ್ನು ಗೆಲ್ಲಿಸಬೇಕಿದ್ದವನು ತಂಡದ ಎಲ್ಲರ ಪುಟಗಳನ್ನೂ ತಿದ್ದುವ ಕಷ್ಟಕ್ಕೆ ಹೋಗುವುದಿಲ್ಲ. ಹಾಗಾಗಿ ಬರೆದದ್ದು ಶುದ್ಧ ಗುಮಾಸ್ತಿಕೆಯ ತಪ್ಪು. ಬಿಟ್ಟದ್ದನ್ನು ಹಾಗೆ ಹೇಳಲಾಗದು. ಉಳಿದವರೆಲ್ಲರ ಪುಟ ತಿದ್ದಿದವನು ದೇಶವೇ ನೋಡುತ್ತಿದ್ದ ಒಂದು ಪುಟವನ್ನು ಮರೆತನೆಂದು ನಂಬಲು ಬಹಳ ಸೌಜನ್ಯ ಬೇಕು. ಕಾಬ್ ಗೆದ್ದನೆಂಬ ಅಧ್ಯಕ್ಷರ ಮಾತು ಆಗಲೇ ಅಚ್ಚಾಗಿತ್ತು, ಅದರ ಮೇಲೆ ಕಾಟು ಹಾಕುವ ಧೈರ್ಯ ಗುಮಾಸ್ತನಿಗಿರಲಿಲ್ಲ ಎಂಬುದು ಈ ಲೇಖಕನ ಊಹೆ. ಊಹೆ ಎಂದೇ ಅದನ್ನು ಇಲ್ಲಿ ಇಡಲಾಗಿದೆ. ಸಂಚಿನವರು ತಮ್ಮ ಊಹೆಯನ್ನೂ ಹಾಗೇ ಕರೆದಿದ್ದರೆ ಜಗಳವೇ ಇರುತ್ತಿರಲಿಲ್ಲ.

ಜಾನ್ಸನ್ ಪ್ರಕಟಿಸಿದ ಅಂಕಿಗಳೇ ಸಂಚಿನ ವಾದಕ್ಕೆ ಇನ್ನೊಂದು ಪೆಟ್ಟು ಕೊಡುತ್ತವೆ. ಕಾಬ್ 0.384944, ಲಾಜ್ವೇ 0.384084 ಎಂದು ಅವನು ಆರು ಸ್ಥಾನಗಳವರೆಗೆ ಘೋಷಿಸಿದ. 196ನ್ನು 509ರಿಂದ, 227ನ್ನು 591ರಿಂದ ಭಾಗಿಸಿದರೆ ಈ ಎರಡರಲ್ಲಿ ಒಂದೂ ಬರುವುದಿಲ್ಲ. ಆರು ಸ್ಥಾನಗಳ ನಿಖರತೆ ಬರೀ ಜರತಾರಿ. ಭಾಗಾಕಾರವನ್ನೇ ಸರಿಯಾಗಿ ಮಾಡದ ಕಚೇರಿ ಅಷ್ಟು ಸೂಕ್ಷ್ಮವಾದ ಮೋಸ ಹೆಣೆಯಿತೆಂದು ಹೇಳುವವರು ಆ ಕಚೇರಿಯ ಯೋಗ್ಯತೆಯನ್ನು ಹೆಚ್ಚಿಸುತ್ತಿದ್ದಾರೆ.

ಲಾಜ್ವೇ ಪಕ್ಷದವರು ನೋಡಲೊಲ್ಲದ ಲೆಕ್ಕವೂ ಒಂದಿದೆ. ತಿದ್ದಿದ ಖಾತೆಯಂತೆ ಅವನು ಮುಂದಿದ್ದಾನೆ, ನಿಜ. ಆದರೆ ಕಾರಿಡನ್ ತನ್ನ ಜಾಗದಲ್ಲಿ ನಿಂತು, ಅಷ್ಟು ಬಂಟ್‌ಗಳಲ್ಲಿ ಒಂದೇ ಒಂದನ್ನು ಔಟ್ ಮಾಡಿದ್ದರೆ? 591ಕ್ಕೆ 226. ಸರಾಸರಿ 0.382403. ಕಳೆಯಬೇಕಾದ ಎರಡು ಹಿಟ್ ಕಳೆದ ಮೇಲೂ ಕಾಬ್ ಮುಂದೆ. ಒಬ್ಬನ ಮುನ್ನಡೆ ಗುಮಾಸ್ತನ ಎರಡು ಹಿಟ್ ಮೇಲೆ ನಿಂತಿತ್ತು, ಇನ್ನೊಬ್ಬನದು ಓಕಾನರ್‌ನ ಒಂದು ಬಂಟ್ ಮೇಲೆ. 'ನಿಜವಾದ ವಿಜೇತ' ಎಂಬ ಪದವನ್ನು ಮ್ಯಾಕ್‌ಫರ್ಲೇನ್ ಬಣದವರು ಇಷ್ಟು ಸಲೀಸಾಗಿ ಬಳಸುವಾಗ ಇಬ್ಬರಲ್ಲಿ ಒಬ್ಬನ ಕಳಂಕವನ್ನಷ್ಟೇ ತೊಳೆಯುತ್ತಾರೆ. (ಕಾಬ್‌ನ ದುಷ್ಟತನದ ಕಥೆಗಳ ಮೇಲೆ ಬೆಳೆದ ಓದುಗರಿಗೆ ಇದು ಹಿತವೂ ಹೌದು. ಆ ಕಥೆಗಳಲ್ಲಿ ಅನೇಕವನ್ನು 2015ರ ತನ್ನ ಜೀವನಚರಿತ್ರೆಯಲ್ಲಿ ಚಾರ್ಲ್ಸ್ ಲೀರ್ಸನ್ ಪ್ರಶ್ನಿಸಿದ್ದಾನೆ.)

ಹಾಗಾದರೆ 1981ರಲ್ಲಿ ಕಮಿಷನರ್ ಬೋವಿ ಕೂನ್ ಮಾಡಿದ್ದು ಸರಿಯೇ? ವಿಷಯ ಬಹಳ ಹಳೆಯದೆಂದು ಅವನು ತಿದ್ದಲು ನಿರಾಕರಿಸಿದ. ಇಲ್ಲಿ ಈ ಲೇಖಕ ಕೂನ್ ಪರವೂ ಅಲ್ಲ. ಬ್ಯಾಟಿಂಗ್ ಪಟ್ಟ ಎಂಬುದು ಲೀಗಿನ ಅಧ್ಯಕ್ಷ ತನ್ನ ಅಧಿಕಾರದಿಂದ ಕೊಟ್ಟ ನಿರ್ಣಯ. ಹಿಟ್‌ಗಳ ಸಂಖ್ಯೆ ಮೈದಾನದಲ್ಲಿ ನಡೆದದ್ದರ ಎಣಿಕೆ. ನಿರ್ಣಯವನ್ನು ಬಿಡಬಹುದು, ಎಣಿಕೆ ತಪ್ಪಿದ್ದರೆ ತಿದ್ದಲೇಬೇಕು. ಪಟ್ಟ ಕಿತ್ತುಕೊಳ್ಳಲು ಹೊರಟ ಮ್ಯಾಕ್‌ಫರ್ಲೇನ್ ಈ ಎರಡನ್ನೂ ಬೆರೆಸಿದ. ಪಟ್ಟ ಉಳಿಸಲು ಹೊರಟ ಕೂನ್ ಕೂಡ ಅವನ್ನೇ ಬೆರೆಸಿ, ನಡೆಯದ ಎರಡು ಹಿಟ್‌ಗಳಿಗೆ ಮುದ್ರೆ ಒತ್ತಿದ.

ಎಣಿಕೆ ತಿದ್ದುವುದು ಆಟಕ್ಕೆ ಹೊಸದೂ ಅಲ್ಲ. 1901ರಲ್ಲಿ ಇದೇ ಲಾಜ್ವೇಯ 229 ಹಿಟ್‌ಗಳು ಅಚ್ಚಿನ ತಪ್ಪಿನಿಂದ 220 ಆಗಿ, 0.422 ಇದ್ದ ಸರಾಸರಿ ದಶಕಗಳ ಕಾಲ ದಾಖಲೆ ಪುಸ್ತಕಗಳಲ್ಲಿ 0.405 ಎಂದೇ ಬಿದ್ದಿತ್ತು. 1950ರ ದಶಕದಲ್ಲಿ ಜಾನ್ ಟ್ಯಾಟರ್ಸಲ್ ಹಳೆಯ ಬಾಕ್ಸ್ ಸ್ಕೋರ್‌ಗಳನ್ನು ಕೂಡಿಸಿ ತಪ್ಪು ಹಿಡಿದ, ಅದು ತಿದ್ದುಪಡಿಯಾಯಿತು. ಇಂದು ಆ ಅಂಕಿ 0.426. 1930ರಲ್ಲಿ ಹ್ಯಾಕ್ ವಿಲ್ಸನ್ ತಂದುಕೊಟ್ಟ ರನ್‌ಗಳು 190 ಎಂದಿದ್ದವು. ಜುಲೈ 28ರ ಜೋಡಿ ಪಂದ್ಯದಲ್ಲಿ ಅವನ ಒಂದು ರನ್ ಚಾರ್ಲಿ ಗ್ರಿಮ್ ಹೆಸರಿಗೆ ಹೋಗಿತ್ತೆಂದು ತಿಳಿದ ಮೇಲೆ, 1999ರಲ್ಲಿ ಕಮಿಷನರ್ ಬಡ್ ಸೀಲಿಗ್ ಅದನ್ನು 191 ಮಾಡಿದ. ಅರವತ್ತೊಂಬತ್ತು ವರ್ಷ ಹಳೆಯದೆಂದು ಆಗ ಯಾರೂ ಕೊರಗಲಿಲ್ಲ. ಈ ಎರಡು ತಿದ್ದುಪಡಿಗಳಿಂದ ಯಾರ ಪಟ್ಟವೂ ಹೋಗುತ್ತಿರಲಿಲ್ಲ. ಕಾಬ್‌ನದನ್ನು ತಿದ್ದಿದರೆ ಹನ್ನೆರಡು ಪಟ್ಟಗಳು ಹನ್ನೊಂದಾಗಿ, 1907ರಿಂದ 1915ರವರೆಗಿನ ಸತತ ಒಂಬತ್ತರ ಸರಪಳಿ ನಡುವೆ ತುಂಡಾಗುತ್ತಿತ್ತು. ಬೆಲೆ ತೆರಬೇಕಾದಾಗ ಮಾತ್ರ ಕಚೇರಿಗೆ ಕಾಲದ ನೆನಪಾಗುತ್ತದೆ.

ಆ ಬೆಲೆಯನ್ನು ನಾಲ್ಕೇ ವರ್ಷಗಳಲ್ಲಿ ಬೇರೆ ಊರಿನಲ್ಲಿ ತೆತ್ತರು. ಕಾಬ್‌ನ ಒಟ್ಟು ಹಿಟ್‌ಗಳು 4,191 ಎಂಬ ಆಧಾರದ ಮೇಲೆ 1985ರ ಸೆಪ್ಟೆಂಬರ್ 11ರಂದು ಸಿನ್ಸಿನಾಟಿಯಲ್ಲಿ ಪೀಟ್ ರೋಸ್ 4,192ನೆಯ ಹಿಟ್ ಹೊಡೆದಾಗ ಆಟ ನಿಂತಿತು, ಜನ ಎದ್ದು ಚಪ್ಪಾಳೆ ತಟ್ಟಿದರು. ಕಾಬ್‌ನದು 4,189 ಎಂದಾದರೆ ದಾಖಲೆ ಮುರಿದದ್ದು ಮೂರು ದಿನ ಮೊದಲು, ಸೆಪ್ಟೆಂಬರ್ 8ರ ಭಾನುವಾರ, ಷಿಕಾಗೊದ ರಿಗ್ಲಿ ಫೀಲ್ಡ್‌ನಲ್ಲಿ. ರೋಸ್ ಆ ದಿನ ಆಡುವವನೇ ಅಲ್ಲ. ಎಡಗೈ ಪಿಚರ್ ಸ್ಟೀವ್ ಟ್ರೌಟ್ ಎಸೆಯುತ್ತಾನೆಂದು ತನ್ನನ್ನು ತಾನೇ ಹೊರಗಿಟ್ಟುಕೊಂಡಿದ್ದ. ಟ್ರೌಟ್ ಸೈಕಲ್ಲಿನಿಂದ ಬಿದ್ದು ಪೆಟ್ಟು ಮಾಡಿಕೊಂಡ. ಬದಲಿಗೆ ಬಲಗೈಯ ರೆಜಿ ಪ್ಯಾಟರ್ಸನ್ ಬಂದ, ರೋಸ್ ಆಟಕ್ಕಿಳಿದ, ಮೊದಲ ಇನ್ನಿಂಗ್ಸ್‌ನಲ್ಲೇ 4,190ನೆಯ ಹಿಟ್ ಹೊಡೆದ. ಆ ಮೈದಾನದಲ್ಲಿ ಆಗಿನ್ನೂ ದೀಪಗಳಿರಲಿಲ್ಲ. ಸ್ಕೋರು 5–5 ಇದ್ದಾಗ ಕತ್ತಲಾಗಿ ಪಂದ್ಯ ನಿಂತಿತು.

ಮೊದಲ ಕಂತಿನ ಪಾತ್ರಧಾರಿಗಳ ಗತಿಯನ್ನೂ ಹೇಳಿಬಿಡಬೇಕು. ಓಕಾನರ್ ಮತ್ತು ಹೋವೆಲ್ ಕೆಲಸ ಕಳೆದುಕೊಂಡು ಲೀಗಿನಿಂದ ಹೊರಬಿದ್ದರು. ಸಂಬಳಕ್ಕಾಗಿ ಕೋರ್ಟಿಗೆ ಹೋದ ಓಕಾನರ್ ದಾವೆ ಗೆದ್ದ. ಹುಡುಗ ಕಾರಿಡನ್‌ಗೆ ದೋಷ ಅಂಟಲಿಲ್ಲ. 1950ರಲ್ಲಿ ಅವನು ಷಿಕಾಗೊ ವೈಟ್ ಸಾಕ್ಸ್ ತಂಡದ ಮ್ಯಾನೇಜರ್ ಕೂಡ ಆದ. ಚಾಮರ್ಸ್ ಕಂಪನಿ ಇಬ್ಬರಿಗೂ ಒಂದೊಂದು ಕಾರು ಕೊಟ್ಟಿತು, ಮರುವರ್ಷದಿಂದ ಬಹುಮಾನವನ್ನು ಸರಾಸರಿಗೆ ಗಂಟು ಹಾಕುವುದನ್ನೇ ಬಿಟ್ಟು ಪತ್ರಕರ್ತರ ಮತಕ್ಕೆ ವಹಿಸಿತು. 1911ರಲ್ಲಿ ಆ ಮತದಿಂದಲೂ ಅಮೆರಿಕನ್ ಲೀಗಿನ ಕಾರು ಗೆದ್ದವನು ಕಾಬ್.

ಬೇಸ್‌ಬಾಲ್-ರೆಫರೆನ್ಸ್ ಇಂದು ಕಾಬ್‌ಗೆ 4,189 ಹಿಟ್ ಬರೆಯುತ್ತದೆ. ಮೇಜರ್ ಲೀಗಿನ ಅಧಿಕೃತ ದಾಖಲೆ 4,191 ಬಿಟ್ಟು ಕದಲಿಲ್ಲ. ಕೂಪರ್ಸ್‌ಟೌನ್‌ನ ಹಾಲ್ ಆಫ್ ಫೇಮ್‌ನಲ್ಲಿ ಅವನ ಹೆಸರಿನ ಕಂಚಿನ ಫಲಕದ ಮೇಲೆ ಹನ್ನೆರಡು ಪಟ್ಟ ಮತ್ತು 4,191 ಎಂದೇ ಇದೆ.