ರಾಸ್ ಅಲ್ ಖೋರ್‌ನಿಂದ ಅಲ್ ವತ್ಬಾವರೆಗೆ: ಎಮಿರೇಟ್ಸ್‌ನಲ್ಲಿ ಹಕ್ಕಿ ನೋಡಿದವರ ಚರಿತ್ರೆ

ದುಬೈಯಲ್ಲಿ ದುಡಿದ ವರ್ಷಗಳಲ್ಲಿ ರಾಸ್ ಅಲ್ ಖೋರ್ ರಸ್ತೆಯಲ್ಲಿ ಎಷ್ಟು ಸಾವಿರ ಬಾರಿ ಹಾದುಹೋಗಿದ್ದೇನೋ ಲೆಕ್ಕವಿಟ್ಟಿಲ್ಲ. ಕಾರಿನ ಕಿಟಕಿಯಾಚೆ, ಕೆಸರುನೀರಿನ ಮೇಲೆ ನಸುಗೆಂಪು ಗೆರೆಯೊಂದು ಕಾಣುತ್ತಿತ್ತು. ಅದು ಫ್ಲೆಮಿಂಗೊ ಎಂದು ಎಲ್ಲರೂ ಕರೆಯುವ ರಾಜಹಂಸಗಳ ಸಾಲು ಎಂಬುದು ತಿಳಿದೇ ಇತ್ತು. ಆದರೂ ಗಾಡಿ ನಿಲ್ಲಿಸಿ ಇಳಿದದ್ದು ನಿವೃತ್ತಿಯ ನಂತರದ ಮೊದಲ ಚಳಿಗಾಲದಲ್ಲಿ, ಮಗಳು ಕೊಡಿಸಿದ ಬೈನಾಕ್ಯುಲರ್ ಕೊರಳಿಗೆ ಹಾಕಿಕೊಂಡು.

ವೀಕ್ಷಣೆಗೆಂದು ಕಟ್ಟಿದ ಮರದ ಕೊಠಡಿಯಲ್ಲಿ ನನಗಿಂತ ಹಿರಿಯರೊಬ್ಬರು ಕುಳಿತಿದ್ದರು. ಅವರು ಚಿತ್ರ ತೆಗೆಯುತ್ತಿರಲಿಲ್ಲ; ಎಣಿಸುತ್ತಿದ್ದರು. ಸಣ್ಣ ಪುಸ್ತಕವೊಂದರಲ್ಲಿ ದಿನಾಂಕ, ಹೊತ್ತು, ಹಕ್ಕಿಯ ಹೆಸರು, ಸಂಖ್ಯೆ ಇಷ್ಟನ್ನೇ ಬರೆದುಕೊಳ್ಳುತ್ತಿದ್ದರು. ಈ ಎಣಿಕೆಯಿಂದ ಯಾರಿಗೆ ಏನು ಪ್ರಯೋಜನ ಎಂಬ ಪ್ರಶ್ನೆ ಮನಸ್ಸಿನಲ್ಲಿ ಉಳಿಯಿತು. ಉತ್ತರ ಹುಡುಕುತ್ತಾ ಹೋದಾಗ ಈ ನಾಡಿನ ಚರಿತ್ರೆಯಲ್ಲಿ ನಾವು ಅಷ್ಟಾಗಿ ಗಮನಿಸದ ಒಂದು ಅಧ್ಯಾಯ ತೆರೆದುಕೊಂಡಿತು. ಅದನ್ನು ನಮ್ಮ ಬಳಗದ ಕುಟುಂಬಗಳೊಡನೆ, ಅದರಲ್ಲೂ ನಿವೃತ್ತಿಯ ಹೊಸ್ತಿಲಲ್ಲಿರುವ ಹಿರಿಯರೊಡನೆ ಹಂಚಿಕೊಳ್ಳುವುದು ಈ ಬರಹದ ಉದ್ದೇಶ.

ಹಕ್ಕಿಯನ್ನು ಗಮನಿಸುವುದು ಈ ಮಣ್ಣಿಗೆ ಹೊಸದಲ್ಲ. ತೈಲ ಬರುವುದಕ್ಕೆ ಬಹಳ ಮುಂಚೆಯೇ ಬೆದೂಯಿನ್ ಜನರು ಶರತ್ಕಾಲದಲ್ಲಿ ಉತ್ತರದಿಂದ ಹಾರಿಬರುವ ಬೇಟೆಹಕ್ಕಿಗಳನ್ನು ಕರಾವಳಿಯಲ್ಲಿ ಹಿಡಿದು, ಕೆಲವೇ ವಾರಗಳಲ್ಲಿ ಪಳಗಿಸಿ, ಚಳಿಗಾಲವಿಡೀ ಅವುಗಳಿಂದ ಹೂಬಾರಾ ಹಕ್ಕಿಯನ್ನೂ ಮೊಲವನ್ನೂ ಬೇಟೆಯಾಡಿಸುತ್ತಿದ್ದರು. ವಸಂತ ಬಂದೊಡನೆ ಅನೇಕರು ಹಕ್ಕಿಯನ್ನು ಮರಳಿ ಆಕಾಶಕ್ಕೆ ಬಿಡುತ್ತಿದ್ದರು. ಬೇಸಗೆಯ ಮರುಭೂಮಿಯಲ್ಲಿ ಅದನ್ನು ಸಾಕುವುದು ಸುಲಭವಾಗಿರಲಿಲ್ಲ. ವಲಸೆಯ ಹೊತ್ತು, ದಾರಿ, ಗಾಳಿಯ ದಿಕ್ಕು ಇವೆಲ್ಲ ಅವರಿಗೆ ಊಟದ ಪ್ರಶ್ನೆಯಾಗಿದ್ದವು. ಆ ಪರಂಪರೆಯಲ್ಲೇ ಬೆಳೆದವರು ಶೇಖ್ ಝಾಯೆದ್. 1976ರಲ್ಲಿ ಅಬುಧಾಬಿಯಲ್ಲಿ ಬೇಟೆಹಕ್ಕಿಗಳ ಕುರಿತು ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. 1983ರಲ್ಲಿ ಹಕ್ಕಿ ಮತ್ತು ಪ್ರಾಣಿಗಳ ಬೇಟೆಯನ್ನು ನಿಯಂತ್ರಿಸುವ ಒಕ್ಕೂಟದ ಕಾನೂನು ಬಂತು. 1995ರಲ್ಲಿ ಬೇಟೆಹಕ್ಕಿಗಳನ್ನು ಕಾಡಿಗೆ ಬಿಡುವ ಕಾರ್ಯಕ್ರಮ ಆರಂಭವಾಯಿತು. ಬೇಟೆಗಾರರ ನಾಡೇ ಬೇಟೆಗೆ ಕಡಿವಾಣ ಹಾಕಿಕೊಂಡದ್ದು ಸಣ್ಣ ಸಂಗತಿಯಲ್ಲ.

ಇನ್ನೊಂದು ಬಗೆಯ ಹಕ್ಕಿನೋಟವನ್ನು ತಂದವರು ನಮ್ಮಂತೆ ಹೊರಗಿನಿಂದ ಬಂದವರು. 1971ರ ಡಿಸೆಂಬರ್ 2ರಂದು ಒಕ್ಕೂಟ ಹುಟ್ಟಿದ ನಂತರ ತೈಲ ಕಂಪನಿ, ಆಸ್ಪತ್ರೆ, ಶಾಲೆ, ಕಟ್ಟಡ ನಿರ್ಮಾಣಗಳಿಗಾಗಿ ಬಂದವರಲ್ಲಿ ಕೆಲವರು ರಜೆಯ ಶುಕ್ರವಾರಗಳಂದು ಮರುಭೂಮಿಗೆ ಹೊರಟರು. 1977ರಲ್ಲಿ ಬಿಶ್ ಬ್ರೌನ್ ಎಂಬವರು ಅಬುಧಾಬಿಯಲ್ಲಿ ಎಮಿರೇಟ್ಸ್ ನ್ಯಾಚುರಲ್ ಹಿಸ್ಟರಿ ಗ್ರೂಪ್ ಸ್ಥಾಪಿಸಿದರು. 1986ರಲ್ಲಿ ದುಬೈಯಲ್ಲೂ ಅಂಥದೇ ಬಳಗ ಹುಟ್ಟಿತು. ಸಂಬಳವಿಲ್ಲದ ಕೆಲಸ, ಸ್ವಂತ ಕಾರು, ಮನೆಯಿಂದ ಕಟ್ಟಿಕೊಂಡು ಹೋದ ಬುತ್ತಿ. ಕಂಡ ಹಕ್ಕಿ, ಗಿಡ, ಚಿಪ್ಪು, ಕಲ್ಲು ಎಲ್ಲವನ್ನೂ ಅವರು ಬರೆದಿಟ್ಟರು. ಆ ಟಿಪ್ಪಣಿಗಳು ಮೊದಲು ಬುಲೆಟಿನ್ ಆಗಿ, 1991ರಿಂದ ‘ಟ್ರಿಬ್ಯುಲಸ್’ ಎಂಬ ನಿಯತಕಾಲಿಕವಾಗಿ ಪ್ರಕಟವಾದವು. 1990ರಲ್ಲಿ ಕಾಲಿನ್ ರಿಚರ್ಡ್‌ಸನ್ ಅವರು ಈ ದೇಶದ ಹಕ್ಕಿಗಳ ಕುರಿತೇ ಒಂದು ಪುಸ್ತಕ ತಂದರು. ಇಂದು ಈ ದೇಶದಲ್ಲಿ 450ಕ್ಕೂ ಹೆಚ್ಚು ಜಾತಿಯ ಹಕ್ಕಿಗಳು ದಾಖಲಾಗಿವೆ ಎಂದು ಹೇಳಲು ಸಾಧ್ಯವಾಗುವುದು ಇಂಥ ದಾಖಲೆಗಳ ಆಧಾರದ ಮೇಲೆ.

ಇಲ್ಲಿ ಒಂದು ವಿಶೇಷವಿದೆ. ಬರೆದವರಲ್ಲಿ ಹೆಚ್ಚಿನವರು ಇಲ್ಲಿ ಉಳಿಯಲಿಲ್ಲ. ‘ಟ್ರಿಬ್ಯುಲಸ್’ ಸಂಪಾದಕರಾಗಿದ್ದ ಪೀಟರ್ ಹೆಲ್ಲಿಯರ್ ಅವರಂತೆ ಇಲ್ಲಿಯ ಪೌರತ್ವ ಪಡೆದು ನೆಲೆನಿಂತವರು ವಿರಳ. ಉಳಿದವರು ಕೆಲಸ ಮುಗಿದೊಡನೆ ತಮ್ಮ ತಮ್ಮ ದೇಶಕ್ಕೆ ಮರಳಿದರು. ಅವರು ಹೋದರು, ಅವರ ಎಣಿಕೆ ಉಳಿಯಿತು.

ಗಮನಿಸುವ ಕಣ್ಣು ಮತ್ತು ಆಜ್ಞೆ ಹೊರಡಿಸುವ ಕೈ ಒಂದೆಡೆ ಸೇರಿದರೆ ಏನಾಗುತ್ತದೆ ಎಂಬುದಕ್ಕೆ ಅಲ್ ವತ್ಬಾ ಸಾಕ್ಷಿ. ಅಬುಧಾಬಿ ನಗರದಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ, ಉಪ್ಪುನೆಲದ ತಗ್ಗಿನಲ್ಲಿ, 1980ರ ದಶಕದಿಂದ ನಗರದ ಶುದ್ಧೀಕರಿಸಿದ ಕೊಳಚೆನೀರಿನ ಹೆಚ್ಚುವರಿ ಬಂದು ನಿಲ್ಲತೊಡಗಿತು. ಅದನ್ನು ಕೆರೆಯಾಗಲೆಂದು ಯಾರೂ ಕಟ್ಟಿದ್ದಲ್ಲ. ನೀರು ನೆಲದ ಉಪ್ಪನ್ನು ಹೀರಿಕೊಂಡಿತು. ಉಪ್ಪುನೀರಿನಲ್ಲಿ ಆರ್ಟಿಮಿಯಾ ಎಂಬ ಕಿರುಸೀಗಡಿ ಹುಟ್ಟಿತು. ಅದನ್ನು ತಿನ್ನಲು ರಾಜಹಂಸಗಳು ಬಂದವು. ಅವುಗಳ ಗರಿಗೆ ಕೆಂಪು ಬರುವುದೂ ಇಂಥ ಆಹಾರದಲ್ಲಿರುವ ಬಣ್ಣದಿಂದಲೇ. 1998ರಲ್ಲಿ ಅವು ಅಲ್ಲಿ ಗೂಡುಕಟ್ಟಿ ಮರಿಮಾಡಿದ ಸುದ್ದಿ ತಿಳಿದಾಗ ಶೇಖ್ ಝಾಯೆದ್ ಆ ಜಾಗವನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿದರು. 2013ರಲ್ಲಿ ಅದು ಜೌಗುನೆಲಗಳ ಅಂತರರಾಷ್ಟ್ರೀಯ ರಾಮ್‌ಸರ್ ಪಟ್ಟಿಗೆ ಸೇರಿತು. 2018ರಲ್ಲಿ ಐಯುಸಿಎನ್ ಸಂಸ್ಥೆಯ ಹಸಿರು ಪಟ್ಟಿಗೂ ಸೇರಿತು.

ಈ ಕಥೆ ಕನ್ನಡಿಗರಿಗೆ ಎಲ್ಲೋ ಕೇಳಿದಂತೆ ಅನಿಸಬೇಕು. ನಮ್ಮ ರಂಗನತಿಟ್ಟು ಕೂಡ ಹೀಗೆಯೇ ಆದದ್ದು. 17ನೆಯ ಶತಮಾನದಲ್ಲಿ ಮೈಸೂರಿನ ಕಂಠೀರವ ನರಸರಾಜ ಒಡೆಯರು ಕೃಷಿಗಾಗಿ ಕಾವೇರಿಗೆ ಅಡ್ಡಲಾಗಿ ಒಡ್ಡು ಕಟ್ಟಿಸಿದರು. ಹಿನ್ನೀರಿನಲ್ಲಿ ತಿಟ್ಟುಗಳು ಉಳಿದವು, ತಿಟ್ಟಿನ ಮರಗಳಿಗೆ ಹಕ್ಕಿಗಳು ಬಂದವು. 1939–40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದಿದ್ದ ಸಲೀಂ ಅಲಿ ಅವರು ಅದನ್ನು ಗಮನಿಸಿ ಅರಮನೆಗೆ ಅರಿಕೆ ಮಾಡಿಕೊಂಡರು, 1940ರಲ್ಲಿ ಪಕ್ಷಿಧಾಮವಾಯಿತು. ಕಾವೇರಿಯ ತೀರದಲ್ಲಾಗಲಿ ಅಬುಧಾಬಿಯ ಉಪ್ಪುನೆಲದಲ್ಲಾಗಲಿ ನಡೆದ ಕ್ರಮ ಒಂದೇ: ಮನುಷ್ಯ ತನ್ನ ಕೆಲಸಕ್ಕೆ ನೀರು ಹರಿಸಿದ, ಹಕ್ಕಿ ಬಂತು, ಕಂಡವರು ಹೇಳಿದರು, ಆಳುವವರು ಕೇಳಿದರು. ಈ ನಾಲ್ಕರಲ್ಲಿ ಮೂರನೆಯದು ತಪ್ಪಿದ್ದರೆ ನಾಲ್ಕನೆಯದಕ್ಕೆ ದಾರಿಯೇ ಇರುತ್ತಿರಲಿಲ್ಲ.

ರಾಸ್ ಅಲ್ ಖೋರ್ ಎಂದರೆ ಖಾರಿಯ ತುದಿ. ದುಬೈ ಖಾರಿ ಒಳನಾಡಿಗೆ ಚಾಚಿ ಕೊನೆಯಾಗುವ ಆರು ಚದರ ಕಿಲೋಮೀಟರ್ ಚಿಲ್ಲರೆ ಜಾಗದಲ್ಲಿ ಕೆಸರುಬಯಲು, ಉಪ್ಪುನೆಲ, ಕಾಂಡ್ಲಾ ಗಿಡಗಳು ಸೇರಿವೆ. ಸುತ್ತ ಹೆದ್ದಾರಿ, ಗೋದಾಮು, ಗೋಪುರಗಳು ಎದ್ದರೂ ನಡುವಿನ ಈ ಕೆಸರನ್ನು ತುಂಬಿಸಿ ನಿವೇಶನ ಮಾಡಲಿಲ್ಲ. 2007ರಲ್ಲಿ ಇದು ಎಮಿರೇಟ್ಸ್‌ನ ಮೊದಲ ರಾಮ್‌ಸರ್ ತಾಣವಾಯಿತು. ಕರ್ನಾಟಕಕ್ಕೆ ಆ ಗೌರವ ರಂಗನತಿಟ್ಟಿನ ಮೂಲಕ ಮೊದಲಿಗೆ ದೊರೆತದ್ದು 2022ರಲ್ಲಿ. 2024ರಲ್ಲಿ ಉತ್ತರ ಕನ್ನಡದ ಅಘನಾಶಿನಿ ಅಳಿವೆ, ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಸೇರಿದವು. ಮರಳುಗಾಡೆಂದು ನಾವು ಕರೆಯುವ ನಾಡು ಈ ಪಟ್ಟಿಯಲ್ಲಿ ಕರ್ನಾಟಕಕ್ಕಿಂತ 15 ವರ್ಷ ಮುಂದಿತ್ತು ಎಂಬುದನ್ನು ಒಪ್ಪಿಕೊಳ್ಳಬೇಕು.

ನಿವೃತ್ತರ ತಿರುಗಾಟಕ್ಕೆ ಇಲ್ಲಿ ನೆಲೆಗಳು ಹಲವು. ದುಬೈಯ ಮುಶ್ರಿಫ್ ಉದ್ಯಾನದಲ್ಲಿ ಘಾಫ್ ಮರಗಳ ನೆರಳಿದೆ. ಮಂಡಿನೋವಿನವರೂ ನಿಧಾನವಾಗಿ ನಡೆಯಬಹುದು. ಅಲ್ ಕುದ್ರಾದ ಕೆರೆಗಳು ಮರಳಿನ ನಡುವೆ ಮನುಷ್ಯರೇ ತೋಡಿದವು. ಮುಂಜಾನೆ ಬಾತುಗಳೂ ಬಕಗಳೂ ಕಾಣುತ್ತವೆ. ಅಬುಧಾಬಿಯ ಜುಬೈಲ್ ಕಾಂಡ್ಲಾವನದಲ್ಲಿ 2020ರಿಂದ ನೀರಿನ ಮೇಲೆ ಹಲಗೆಯ ಕಾಲುದಾರಿ ಇದೆ. ಕುಂದಾಪುರ, ಹೊನ್ನಾವರದ ಕಡೆಯವರಿಗೆ ಅಲ್ಲಿಯ ಇಳಿತದ ವಾಸನೆಯೇ ಸಾಕು, ಊರು ನೆನಪಾಗುತ್ತದೆ. ಅಲ್ ಐನ್‌ನ ಜೆಬೆಲ್ ಹಫೀತ್ ಬೆಟ್ಟದ ಮೇಲೆ ಈಜಿಪ್ಟಿನ ರಣಹದ್ದು ತೇಲುತ್ತದೆ. ಬಂಡೆಗಳ ಮೇಲೆ ಕುಪ್ಪಳಿಸುವ ಕಪ್ಪುಬಿಳುಪಿನ ಪುಟ್ಟ ಹಕ್ಕಿಗೆ ಎ. ಓ. ಹ್ಯೂಮ್ ಅವರ ಹೆಸರಿದೆ. 1885ರಲ್ಲಿ ಕಾಂಗ್ರೆಸ್ ಸ್ಥಾಪನೆಗೆ ಕಾರಣರಾದ ಅದೇ ಹ್ಯೂಮ್. ಅಕ್ಟೋಬರಿನಿಂದ ಮಾರ್ಚ್‌ವರೆಗೆ ಸೂರ್ಯೋದಯದ ನಂತರದ ಎರಡು ಗಂಟೆ ಎಲ್ಲೆಡೆಯೂ ಉತ್ತಮ. ಸಂರಕ್ಷಿತ ತಾಣಗಳಿಗೆ ಹೊರಡುವ ಮುನ್ನ ಆ ದಿನ ಪ್ರವೇಶವಿದೆಯೇ ಎಂದು ವಿಚಾರಿಸಿಕೊಳ್ಳಬೇಕು.

ಅಷ್ಟು ದೂರ ಹೋಗಲಾಗದವರಿಗೆ ಮನೆಯ ಹತ್ತಿರದ ಉದ್ಯಾನವೇ ಸಾಕು. ಗೊರವಂಕ, ಕಾಗೆ, ಗಿಳಿ, ಗೌಜಲಕ್ಕಿ, ಟಿಟ್ಟಿಭ, ಸೂರಕ್ಕಿ, ಕಳ್ಳಿಪೀರ ಎಲ್ಲವೂ ನಮ್ಮ ಹಳೆಯ ಪರಿಚಯದವೇ. ನಗರಗಳಲ್ಲಿ ಹಸಿರು ಹೆಚ್ಚಿದಂತೆ ಕರ್ನಾಟಕದ ರಾಜ್ಯಪಕ್ಷಿ ನೀಲಕಂಠವೂ ಇಲ್ಲಿಯ ಉದ್ಯಾನಗಳಲ್ಲಿ ಬೀಡುಬಿಟ್ಟಿದೆ. ವಿಜಯದಶಮಿಯಂದು ಅದನ್ನು ಕಂಡರೆ ಶುಭವೆಂದು ನಂಬುವ ಅಜ್ಜಿಯರು, ದುಬೈಯ ಹುಲ್ಲುಹಾಸಿನ ಮೇಲೆ ಅದು ರೆಕ್ಕೆ ಬಿಚ್ಚಿ ನೀಲಿ ತೋರಿದ್ದನ್ನು ಮೊಮ್ಮಕ್ಕಳಿಗೆ ತೋರಿಸಬಹುದು.

ನಮ್ಮ ಮಟ್ಟಿಗೆ ಈ ಚರಿತ್ರೆಯ ಅರ್ಥವೇನು? ಬಹುಕಾಲ ನಮ್ಮವರಿಗೆ ನಿವೃತ್ತಿಯೆಂದರೆ ಇಲ್ಲಿಂದ ಹೊರಡುವುದೇ ಆಗಿತ್ತು. ಕೆಲಸ ಮುಗಿದರೆ ವೀಸಾ ಮುಗಿಯಿತು. 55 ದಾಟಿದ ನಿವೃತ್ತರಿಗೆ ಐದು ವರ್ಷದ ವೀಸಾ ನೀಡುವ ನಿರ್ಧಾರ ಬಂದದ್ದು 2018ರಲ್ಲಿ. ದುಬೈ ತನ್ನ ಯೋಜನೆಯನ್ನು ಆರಂಭಿಸಿದ್ದು 2020ರಲ್ಲಿ. ಅದಕ್ಕೂ ಆದಾಯ, ಉಳಿತಾಯ ಅಥವಾ ಆಸ್ತಿಯ ಷರತ್ತುಗಳಿವೆ. ಆದ್ದರಿಂದ ಇಂದಿಗೂ ಅನೇಕರು ಮರಳುತ್ತಾರೆ; ಹಲವರು ಮಕ್ಕಳ ಮನೆಗೆ ಚಳಿಗಾಲದಲ್ಲಿ ಬಂದು ಬೇಸಗೆಗೆ ಮುನ್ನ ಹೋಗುತ್ತಾರೆ. ಮೂರು ತಿಂಗಳು ಹನ್ನೆರಡನೆಯ ಮಹಡಿಯಲ್ಲಿ ಕುಳಿತು ಊರಿನ ಫೋನಿಗೆ ಕಾಯುವ ಹಿರಿಯರ ಬೇಸರವನ್ನು ನಾವೆಲ್ಲ ಕಂಡಿದ್ದೇವೆ. ಹಕ್ಕಿ ನೋಡುವುದು ಅವರಿಗೆ ಹೊತ್ತುಕಳೆಯುವ ಹವ್ಯಾಸವಷ್ಟೇ ಅಲ್ಲ. ಕೆಲವೇ ತಿಂಗಳು ಇದ್ದು ಹೋಗುವವರೂ ಈ ನೆಲಕ್ಕೆ ಏನಾದರೂ ಕೊಟ್ಟುಹೋಗಬಹುದಾದ ದಾರಿ ಅದು. ಮೊದಲು ಬಂದವರು ಕೊಟ್ಟದ್ದೂ ಹಾಗೆಯೇ.

ಬೇಕಾದದ್ದು ಹೆಚ್ಚೇನಿಲ್ಲ. ಒಂದು ಬೈನಾಕ್ಯುಲರ್, ಒಂದು ನೋಟುಪುಸ್ತಕ, ಕನ್ನಡದ ಹೆಸರುಗಳಿಗೆ ಪೂರ್ಣಚಂದ್ರ ತೇಜಸ್ವಿಯವರ ‘ಹಕ್ಕಿ ಪುಕ್ಕ’. ಕಂಡದ್ದನ್ನು ಇ-ಬರ್ಡ್ ಜಾಲತಾಣಕ್ಕೆ ಮೊಮ್ಮಕ್ಕಳ ನೆರವಿನಿಂದ ಸೇರಿಸಿದರೆ ಅದು ಎಲ್ಲರಿಗೂ ದೊರೆಯುವ ದಾಖಲೆಯಾಗುತ್ತದೆ. ಅಜ್ಜ ‘ಮೆಟ್ಟುಗಾಲು ಹಕ್ಕಿ’ ಎಂದರೆ ಮೊಮ್ಮಗ ಅದರ ಇಂಗ್ಲಿಷ್ ಹೆಸರನ್ನು ಹುಡುಕಿಕೊಡಲಿ. ಮನೆಯಲ್ಲಿ ಕನ್ನಡ ಉಳಿಯಲು ಅದೂ ಒಂದು ನೆಪ. ಬೆಂಗಳೂರಿಗೆ ಮರಳುವವರಿಗೂ ಈ ಅಭ್ಯಾಸ ನಷ್ಟವಾಗದು: ಅಲ್ಲಿಯ ಪಕ್ಷಿವೀಕ್ಷಕರು 1970ರ ದಶಕದಿಂದ ತಿಂಗಳ ಎರಡನೆಯ ಭಾನುವಾರ ಲಾಲ್‌ಬಾಗಿನಲ್ಲಿ ಸೇರುತ್ತಾ ಬಂದಿದ್ದಾರೆ.

ಆ ಹಿರಿಯರನ್ನು ಮರುವರ್ಷ ರಾಸ್ ಅಲ್ ಖೋರ್‌ನಲ್ಲಿ ನಾನು ಕಾಣಲಿಲ್ಲ. ತಮ್ಮ ದೇಶಕ್ಕೆ ಹೋದರೆಂದು ಕಾವಲುಗಾರರು ಹೇಳಿದರು. ಅವರು ಕೂರುತ್ತಿದ್ದ ಬೆಂಚಿನಲ್ಲಿ ಕುಳಿತು ಆ ದಿನ ನಾನೂ ಎಣಿಸತೊಡಗಿದೆ. ಬರುವ ಚಳಿಗಾಲದಲ್ಲಿ ಆ ಬೆಂಚಿನ ಮೇಲೆ ಜಾಗವಿದೆ. ನಿಮ್ಮ ಮನೆಯ ಹಿರಿಯರನ್ನು ಕರೆದುಕೊಂಡು ಬನ್ನಿ.